ಕಲಿತ ನಾಯಿ ಮತ್ತೆ ಮನೆಯೊಳಗೆ ಉಚ್ಚೆ ಹುಯ್ದರೆ: ನನ್ನ ಅನುಭವ

ಮರಿ ಒಳಗೆ ಉಚ್ಚೆ ಹುಯ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾಲ್ಕು ವರ್ಷ ಸರಿಯಾಗಿದ್ದ ನಾಯಿ ಒಂದು ಬೆಳಗ್ಗೆ ಸೋಫಾ ಪಕ್ಕ ಕೆರೆ ಕಟ್ಟಿದರೆ ಮಾತ್ರ ‘ಸೊಕ್ಕು ಬಂದಿದೆ’ ಅನ್ನುತ್ತಾರೆ. ಸೊಕ್ಕೂ ಅಲ್ಲ, ಸೇಡೂ ಅಲ್ಲ. ಅದರ ಮೈಯಲ್ಲಿ ಏನೋ ಬದಲಾಗಿರುತ್ತದೆ, ಇಲ್ಲವೇ ಅದು ಹೋಗುತ್ತಿದ್ದ ಜಾಗ ಬದಲಾಗಿರುತ್ತದೆ. ಯಾವುದು ಅಂತ ಆ ಕೆರೆಯೇ ಹೇಳುತ್ತದೆ, ಹಾಗಾಗಿ ಒರೆಸುವ ಬಟ್ಟೆ ತರುವ ಮೊದಲು ನಾನು ಅದನ್ನು ನೋಡುತ್ತೇನೆ.

ನೆಲದ ಮೇಲೆ ಒಂದೇ ದೊಡ್ಡ ಕೆರೆ ಇದ್ದರೆ ಮೂತ್ರದ ಚೀಲ ತುಂಬಿತ್ತು, ಹೊರಗೆ ಬಿಡುವುದು ತಡವಾಯಿತು ಅಥವಾ ನೀರು ಜಾಸ್ತಿ ಕುಡಿಯುತ್ತಿದೆ. ಸೋಫಾ ಕಾಲು, ಪರದೆಯ ತುದಿ, ಸ್ಕೂಟರ್ ಚಕ್ರ, ಗ್ಯಾಸ್ ಸಿಲಿಂಡರ್, ಹೀಗೆ ನಿಂತ ವಸ್ತುಗಳ ಮೇಲೆ ಎರಡು ಚಮಚದಷ್ಟು ಬಿದ್ದಿದ್ದರೆ ಅದು ‘ಇದು ನನ್ನ ಜಾಗ’ ಅಂತ ಗುರುತು ಹಾಕಿದ್ದು. ಇದಕ್ಕೂ ಅಭ್ಯಾಸ ತಪ್ಪಿದ್ದಕ್ಕೂ ಸಂಬಂಧವಿಲ್ಲ. ಮನೆಯೆಲ್ಲ ಚೂರು ಚೂರು, ಗಳಿಗೆಗೊಮ್ಮೆ ಕೂರುವುದು, ತಿಣುಕುವುದು, ಉಚ್ಚೆಯಲ್ಲಿ ಕೆಂಪು ಬಣ್ಣ ಕಂಡರೆ ಮೂತ್ರಕೋಶದ ಸೋಂಕು ಅಥವಾ ಕಲ್ಲಿನ ಅನುಮಾನ. ಮಲಗಿದ್ದ ಕಡೆ ಹಾಸಿಗೆ ಮಾತ್ರ ಒದ್ದೆಯಾಗಿ, ನಾಯಿಗೇ ಅದು ಗೊತ್ತಿಲ್ಲದಂತಿದ್ದರೆ ಅದು ಸೋರಿಕೆ. ಗರ್ಭಕೋಶ ತೆಗೆಸಿದ ಹೆಣ್ಣುನಾಯಿಗಳಲ್ಲಿ ವರ್ಷಗಳ ಮೇಲೂ ಇದು ಬರುತ್ತದೆ. ಮಾತ್ರೆಗೆ ಬಗ್ಗುತ್ತದೆ, ಗದರಿಕೆಗಲ್ಲ.

ಆದ್ದರಿಂದ ತರಬೇತಿಗಿಂತ ಮೊದಲು ಡಾಕ್ಟರು. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಬೆಳಗಿನ ಮೊದಲ ಉಚ್ಚೆಯನ್ನು ಗಂಡುನಾಯಿಗಾದರೆ ಉದ್ದ ಹಿಡಿಯ ಸೌಟಿನಲ್ಲಿ, ಹೆಣ್ಣಿಗಾದರೆ ಚಪ್ಪಟೆ ಸ್ಟೀಲ್ ತಟ್ಟೆಯಲ್ಲಿ ಹಿಡಿಯಬಹುದು. ಪಾತ್ರೆ ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿರಬೇಕು. ಸೋಪಿನ ಅಂಶ ಉಳಿದರೆ ಪರೀಕ್ಷೆ ಕೆಡುತ್ತದೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು, ಮೆಡಿಕಲ್ ಸ್ಟೋರಿನ ಸ್ಯಾಂಪಲ್ ಡಬ್ಬಿಗೆ ಹಾಕಿ ಗಂಟೆಯೊಳಗೆ ತಲುಪಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಟ್ಟು ಅದೇ ದಿನ ಕೊಡಿ. ಆಂಟಿಬಯಾಟಿಕ್ ಶುರುವಾಗುವ ಮುಂಚೆ ಹಿಡಿದದ್ದಾದರೆ ಮಾತ್ರ ಸೋಂಕಿನ ಪರೀಕ್ಷೆಗೆ ಬೆಲೆ.

ಜೊತೆಗೆ ಎರಡು ದಿನದ ನೀರಿನ ಲೆಕ್ಕ ಬೇಕು. ಬೆಳಗ್ಗೆ ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯುವುದು. ಮೈತೂಕದ ಕಿಲೋಗೆ ದಿನಕ್ಕೆ 100 ಎಂಎಲ್ ದಾಟಿದರೆ, ಅಂದರೆ 20 ಕಿಲೋ ನಾಯಿ 2 ಲೀಟರ್ ಮೀರಿ ಕುಡಿದರೆ, ಅದು ಅತಿಯೇ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಇಲ್ಲವೇ ನವೆಗೆ ಕೊಟ್ಟ ಸ್ಟೀರಾಯ್ಡ್ ಕಾರಣವಿರಬಹುದು. ಸ್ಟೀರಾಯ್ಡ್ ಇದ್ದರೆ ನೀವೇ ಥಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಇಳಿಸಿ. ಮಂಡ್ಯ ಕಡೆ ಮುದ್ದೆ, ಮಜ್ಜಿಗೆ ತಿಂದು ಬೆಳೆದ ನಾಯಿಗೆ ಊಟದಲ್ಲೇ ನೀರು ಹೋಗುತ್ತದೆ, ಬಟ್ಟಲಿನದು ಕಡಿಮೆ ಸಾಕು. ಅದನ್ನು ಪ್ಯಾಕೆಟ್ ಆಹಾರಕ್ಕೆ ಬದಲಿಸಿದ ವಾರ ಬಟ್ಟಲು ಬೇಗ ಖಾಲಿಯಾಗುವುದು ರೋಗವಲ್ಲ. ಆದರೆ ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಕ್ಕೆ ಊಟ ಬಿಟ್ಟು ನೀರು ಸುರಿದುಕೊಳ್ಳುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಗಂಡುನಾಯಿ ತಿಣುಕಿದರೂ ಹನಿ ಬೀಳದಿದ್ದರೆ ಮೂತ್ರದ ದಾರಿ ಕಟ್ಟಿರಬಹುದು. ಎರಡಕ್ಕೂ ನಾಳೆ ಅನ್ನುವಂತಿಲ್ಲ. ಒಳಗೆ ಹುಯ್ಯುತ್ತದೆ ಅಂತ ನೀರು ಕಡಿಮೆ ಇಡುವುದಂತೂ ಬೇಡವೇ ಬೇಡ.

ಮೈ ಸರಿಯಿದೆ ಅಂತಾದ ಮೇಲೆ ಜಾಗ. ಮೈಸೂರಿನ ಬಡಾವಣೆಗಳಲ್ಲಿ ನಾನು ಹೆಚ್ಚು ನೋಡಿರುವ ಕಾರಣ ಎದುರಿನ ಖಾಲಿ ಸೈಟು. ವರ್ಷಗಟ್ಟಲೆ ನಾಯಿಯ ಕಕ್ಕಸು ಅದೇ. ಒಂದು ದಿನ ಜೆಸಿಬಿ ಬಂದು ಪಾಯ ತೆಗೆಯುತ್ತದೆ. ಮನೆಯವರು ಬೇರೆ ರಸ್ತೆಗೆ ಕರೆದೊಯ್ಯುತ್ತಾರೆ, ನಾಯಿ ಮೂಸಿ ಮೂಸಿ ಹಾಗೇ ವಾಪಸ್ ಬಂದು ಒಳಗೆ ಬಿಡುತ್ತದೆ. ನಾಯಿಗೆ ಕಾಲ ಕೆಳಗಿನ ನೆಲದ ರೂಢಿ ಬಹಳ ಗಟ್ಟಿ. ಪಾಯ ತೋಡುವ ಮುಂಚೆಯೇ ಆ ಸೈಟಿನ ಎರಡು ಬಕೆಟ್ ಮಣ್ಣು ತಂದು ಹೊಸ ಜಾಗದಲ್ಲಿ ಸುರಿಯಿರಿ, ನಾಲ್ಕೈದು ದಿನದಲ್ಲಿ ಒಪ್ಪಿಕೊಳ್ಳುವ ನಾಯಿಗಳೇ ಹೆಚ್ಚು.

ಇದಕ್ಕಿಂತ ಕಷ್ಟ ಟೆರೇಸಿನ ನಾಯಿಯದು. ಮೂವತ್ತು-ನಲವತ್ತರ ಸೈಟಿನಲ್ಲಿ ಕಾಂಪೌಂಡೆಲ್ಲ ಟೈಲ್ಸ್, ಮಣ್ಣೆಂದರೆ ತೆಂಗಿನ ಬುಡ ಅಷ್ಟೇ. ಮರಿಯಿಂದ ಟೆರೇಸಿನ ಗಾರೆ ಮೇಲೆ ಹುಯ್ದು ಕಲಿತ ನಾಯಿಗೆ ಗಾರೆಗೂ ಹಾಲಿನ ಟೈಲ್ಸಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮಳೆಗೆ ಟೆರೇಸ್ ಬಾಗಿಲು ಹಾಕಿದ ದಿನವೇ ಅದು ಬಯಲಾಗುತ್ತದೆ. ಇದಕ್ಕೆ ನಾನು ಮಾಡುವುದು ಹುಲ್ಲಿನ ಟ್ರೇ. ಎರಡಡಿ ಅಗಲ, ಮೂರಡಿ ಉದ್ದ, ತಳದಲ್ಲಿ ತೂತು. ಎರಡಿಂಚು ಮಣ್ಣು, ಮೇಲೆ ನರ್ಸರಿಯ ಲಾನ್ ಹುಲ್ಲಿನ ತುಂಡು. ಅದರದೇ ಉಚ್ಚೆ ಒರೆಸಿದ ಹಳೇ ಪೇಪರನ್ನು ಹುಲ್ಲಿನ ಕೆಳಗೆ ಸೇರಿಸಬೇಕು. ಮೊದಲ ಹತ್ತು ದಿನ ಟ್ರೇ ಇರುವುದು ಟೆರೇಸಿನಲ್ಲಿ ಅದು ಹುಯ್ಯುತ್ತಿದ್ದ ಮೂಲೆಯಲ್ಲೇ. ಆಮೇಲೆ ದಿನಕ್ಕೆ ಎರಡಡಿ ಸರಿಸುತ್ತ ಬೇಕಾದ ಕಡೆಗೆ ತರುವುದು. ಆತುರಪಟ್ಟು ಒಂದೇ ಸಲ ಕೆಳಗಿಳಿಸಿದರೆ ನಾಯಿ ಟ್ರೇ ಮರೆತು ಹಳೇ ಮೂಲೆ ಹುಡುಕುತ್ತದೆ. ವಾರಕ್ಕೊಮ್ಮೆ ನೀರು ಹಾಯಿಸಿ. ಪೂರ್ತಿ ತೊಳೆದು ವಾಸನೆ ಕಳೆಯಬೇಡಿ.

ಇನ್ನು ವೇಳಾಪಟ್ಟಿ. ಎದ್ದ ಕೂಡಲೇ, ಊಟವಾದ 20-30 ನಿಮಿಷಕ್ಕೆ, ಸಂಜೆ, ಮಲಗುವ ಮುಂಚೆ. ಆರಡಿ ಚೈನು ಹಾಕಿ ಅದೇ ಜಾಗಕ್ಕೆ ಹೋಗಿ ಮರದ ಹಾಗೆ ನಿಲ್ಲಬೇಕು. ಐದಾರು ನಿಮಿಷ ಮಾತಿಲ್ಲ, ಮೊಬೈಲೂ ಇಲ್ಲ. ಕೂರುವ ಹೊತ್ತಿಗೆ ‘ಒಂದ ಮಾಡು’ ಅಂತ ಒಂದೇ ಸಲ ಹೇಳಿ, ಮುಗಿಸಿದ ಎರಡು ಸೆಕೆಂಡಿನೊಳಗೆ ಕಡಲೆಕಾಳಿನಷ್ಟು ಬೇಯಿಸಿದ ಲಿವರ್ ಬಾಯಿಗೆ. ಗೇಟಿಗೆ ಬಂದ ಮೇಲೆ ಕೊಟ್ಟರೆ ಅದು ಗೇಟಿಗೆ ಬಂದದ್ದಕ್ಕೆ ಸಂಬಳ. ಬಹಳ ಜನ ಎಡವುವುದು ಇನ್ನೊಂದು ಕಡೆ: ಉಚ್ಚೆ ಹುಯ್ದ ತಕ್ಷಣ ಮನೆಗೆ ತಿರುಗುತ್ತಾರೆ. ಹುಯ್ದರೆ ಸುತ್ತಾಟ ಮುಗಿಯಿತು ಅಂತ ತಿಳಿದ ನಾಯಿ ಕಟ್ಟಿಕೊಂಡೇ ಸುತ್ತುತ್ತದೆ, ಒಳಗೆ ಬಂದು ಬಿಡುತ್ತದೆ. ಮೊದಲು ಉಚ್ಚೆ, ಆಮೇಲೆ ಸುತ್ತಾಟ. ಹುಯ್ಯದೆ ವಾಪಸ್ ಬಂದರೆ ಚೈನು ನಿಮ್ಮ ಸೊಂಟಕ್ಕೆ ಕಟ್ಟಿಕೊಂಡು, ಹದಿನೈದು ನಿಮಿಷ ಬಿಟ್ಟು ಮತ್ತೆ ಹೊರಗೆ.

ಕಣ್ಣೆದುರೇ ಹುಯ್ಯಲು ಕೂತರೆ ಒಂದು ಚಪ್ಪಾಳೆ, ಹೊರಗೆ ಕರೆದೊಯ್ಯುವುದು, ಅಷ್ಟೇ. ಮೂಗು ತಿಕ್ಕಿಸಿ ಹೊಡೆದರೆ ಅದು ಕಲಿಯುವುದು ‘ಇವರ ಮುಂದೆ ಹುಯ್ಯಬಾರದು’ ಅಂತ. ಆಮೇಲೆ ಚೈನಿನಲ್ಲಿ ಹೊರಗೂ ಹುಯ್ಯುವುದಿಲ್ಲ, ಮಂಚದ ಕೆಳಗೆ ಹುಡುಕಿಕೊಂಡು ಹೋಗುತ್ತದೆ.

ಒರೆಸುವುದರಲ್ಲೂ ತಪ್ಪಾಗುತ್ತದೆ. ಬಕೆಟ್ ನೀರಿಗೆ ಫಿನಾಯಿಲ್ ಹಾಕಿ ಎಳೆದಾಡಿದರೆ ವಾಸನೆ ಮನೆಯೆಲ್ಲ ಹರಡಿ, ನಮ್ಮ ಮೂಗಿಗೆ ಮಾತ್ರ ಮುಚ್ಚುತ್ತದೆ. ಪೇಪರಿಟ್ಟು ಒತ್ತಿ ಹೀರಿಸಿ, ತಣ್ಣೀರು ಹಾಕಿ ಮತ್ತೆ ಹೀರಿಸಿ, ಸಾಕುಪ್ರಾಣಿಗಳ ಅಂಗಡಿಯ ಎಂಜೈಮ್ ದ್ರಾವಣವನ್ನು ಕಲೆಗಿಂತ ಅಂಗೈಯಗಲ ಹೆಚ್ಚು ಜಾಗಕ್ಕೆ ಸುರಿದು ತಾನಾಗಿ ಒಣಗಲು ಬಿಡಬೇಕು. ಟೈಲ್ಸ್ ಸಂದಿಗೆ ಇಳಿದಿದ್ದರೆ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ಚಿಟಿಕೆ ಅಡುಗೆ ಸೋಡಾ. ಮೆಡಿಕಲ್ಲಿನ ಬಾಟಲಿ 6 ಪರ್ಸೆಂಟ್ ಇದ್ದರೆ ಸಮ ನೀರು ಬೆರೆಸಿ. ಸೋಡಾ ಬೆರೆಸಿ ಉಳಿದದ್ದನ್ನು ಮುಚ್ಚಿಡಬೇಡಿ, ಗ್ಯಾಸ್ ತುಂಬಿ ಬಾಟಲಿ ಸಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಉಚ್ಚೆಗೆ ತಾಗಿದರೆ ಏಳುವ ಹೊಗೆ ಎದೆಗೆ ಕೆಟ್ಟದ್ದು. ವಿನೆಗರ್ ಕಡಪ ಕಲ್ಲನ್ನೂ ಮಾರ್ಬಲ್ಲನ್ನೂ ತಿನ್ನುತ್ತದೆ, ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಹೊಳಪೂ ಹೋಗುತ್ತದೆ. ನಿಂಬೆ ಸಿಪ್ಪೆ, ಬೆಲ್ಲ ಕೊಳೆಸಿದ ಮನೆಯ ಬಯೋಎಂಜೈಮೂ ಹುಳಿಯೇ, ಈ ಕೆಲಸಕ್ಕೆ ಅದನ್ನು ನಾನು ನಂಬುವುದಿಲ್ಲ.

ದಸರಾ ಹೊತ್ತಿಗೆ ಅರಮನೆ ಸುತ್ತಮುತ್ತಲ ಮನೆಗಳ ನಾಯಿಗಳದ್ದು ಬೇರೆ ಕಥೆ. ಜಂಬೂಸವಾರಿ ದಿನ 21 ಕುಶಾಲತೋಪು, ಅದಕ್ಕೆ ಮೊದಲು ಆನೆ ಕುದುರೆಗಳಿಗೆ ಸದ್ದು ರೂಢಿಸುವ ಫಿರಂಗಿ ತಾಲೀಮು, ಹಿಂದೆಯೇ ದೀಪಾವಳಿ. ಹೆದರಿದ ನಾಯಿ ಹೊರಗೆ ಕಾಲಿಡುವುದಿಲ್ಲ. ಆ ವಾರ ಕಲಿಸಲು ಹೋಗದೆ, ಸದ್ದಿಲ್ಲದ ಮುಂಜಾನೆ ಹೊರಗೆ ಬಿಟ್ಟು, ಟ್ರೇಯನ್ನು ಬಚ್ಚಲ ಪಕ್ಕಕ್ಕೆ ತಂದಿಡಿ.

ಹತ್ತು ದಾಟಿದ ನಾಯಿಗೆ ಮನಸ್ಸಿದ್ದರೂ ಕಾಲು ಬಾರದಿರಬಹುದು. ನುಣುಪು ಟೈಲ್ಸಿನ ಮೇಲೆ ಹಿಂಗಾಲು ಜಾರುವ ಭಯಕ್ಕೇ ಬಾಗಿಲತನಕ ಬರುವುದಿಲ್ಲ. ಹಾಸಿಗೆಯಿಂದ ಬಾಗಿಲಿಗೆ ರಬ್ಬರ್ ಮ್ಯಾಟ್ ಸಾಲು ಹಾಸಿ, ಮೆಟ್ಟಿಲಿಗೆ ಹಲಗೆಯ ಇಳಿಜಾರು ಮಾಡಿ, ರಾತ್ರಿ ಎರಡರ ಹೊತ್ತಿಗೆ ಒಂದು ಸಲ ಎಬ್ಬಿಸಿ.

ಕಲಿಸುವಷ್ಟು ದಿನ ಉಳಿದ ಕೋಣೆಗಳ ಬಾಗಿಲು ಮುಚ್ಚಿ ನಾಯಿಯನ್ನು ಮನೆಯ ಒಂದೇ ಕಡೆ ಇಟ್ಟಿರುತ್ತೇನೆ. ಎರಡು ವಾರ ಮನೆಯೊಳಗೆ ಒಂದು ಹನಿಯೂ ಬೀಳದಿದ್ದರೆ ಒಂದು ಕೋಣೆ ಬಿಟ್ಟುಕೊಡುತ್ತೇನೆ. ಮತ್ತೆ ಎರಡು ವಾರಕ್ಕೆ ಇನ್ನೊಂದು. ನಡುವೆ ತಪ್ಪಿದರೆ ಕೊನೆಗೆ ಕೊಟ್ಟ ಕೋಣೆಯ ಬಾಗಿಲು ಮಾತ್ರ ಮುಚ್ಚಿ ಲೆಕ್ಕ ಮೊದಲಿಂದ.