ಹುಲ್ಲಿಲ್ಲದೆ ಪಟ್ಟಿಂಗ್: ಬಳ್ಳಾರಿ ಬಿಸಿಲಲ್ಲಿ ಉಸುಕಿನ ಬ್ರೌನ್ ಮಾಡಿದ ನನ್ನ ಅನುಭವ

ಗಾಲ್ಫ್‌ನಲ್ಲಿ ಚೆಂಡನ್ನು ಹೋಲ್‌ಗೆ ಉರುಳಿಸೋದು ಪಟ್ಟಿಂಗ್, ಅದಕ್ಕೆಂದು ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ ಗ್ರೀನ್. ಹುಲ್ಲಿನ ಬದಲು ಎಣ್ಣೆ ಬೆರೆಸಿದ ಉಸುಕು ಹಾಸಿದರೆ ಅದು ಬ್ರೌನ್. ಉಸುಕಿನ ಮೇಲೆ ಪಟ್ಟಿಂಗ್ ಮಾಡ್ತೀನಿ ಅಂದಾಗ ಬೆಂಗಳೂರಿನ ಕ್ಲಬ್‌ಗಳಲ್ಲಿ ಆಡಿ ಬಂದ ಗೆಳೆಯರು ಹೇಳಿದ್ದು ಮೂರು ಮಾತು. ಚೆಂಡು ನೆಟ್ಟಗೆ ಓಡೋದಿಲ್ಲ, ಮಳೆಗೆ ರಾಡಿ ಆಗುತ್ತೆ, ಆಷಾಢದ ಗಾಳಿಗೆ ಉಸುಕೇ ಉಳಿಯೋದಿಲ್ಲ. ಈಗ ಆಷಾಢ ದಾಟಿದೆ, ಹಿಂಗಾರಿ ಮಳೆಯೂ ದಾಟಿದೆ, ಬ್ರೌನ್ ಇದ್ದಲ್ಲೇ ಇದೆ. ಆ ಮಾತು ಹೇಳಿದವರೇ ಭಾನುವಾರ ಪಟ್ಟರ್ ಹಿಡಿದು ಬರ್ತಾರೆ. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಅಂಥ ಕೋರ್ಸೇ 1930ರ ದಶಕದ ನಡುವಿನವರೆಗೆ ಉಸುಕಿನ ಗ್ರೀನ್ ಇಟ್ಟುಕೊಂಡಿತ್ತು. ಅಷ್ಟು ಗೊತ್ತಿದ್ದರೆ ಅವರ ನಗು ಅರ್ಧಕ್ಕೆ ನಿಲ್ಲುತ್ತಿತ್ತು.

ಹುಲ್ಲು ಯಾಕೆ ಬೇಡ ಅನ್ನೋದಕ್ಕೆ ನೀರೊಂದೇ ಕಾರಣ ಅಲ್ಲ. ಮೂವತ್ತಡಿ ವ್ಯಾಸದ ಒಂದು ಗ್ರೀನ್‌ಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು ಐನೂರು ಲೀಟರ್ ಬೇಕಾದೀತು, ಬೋರ್ ಇದ್ದವರಿಗೆ ಅದು ದೊಡ್ಡದಲ್ಲ. ಕೈ ಸುಡೋದು ಮೊವರ್. ಮೂರ್ನಾಲ್ಕು ಮಿಲಿಮೀಟರ್‌ಗೆ ದಿನಾ ಕತ್ತರಿಸೋ ರೀಲ್ ಮೊವರ್, ಅದರ ಬ್ಲೇಡ್ ಮಸೆಯೋ ಖರ್ಚು, ಗೊಬ್ಬರ, ಬೂಷ್ಟಿನ ಔಷಧಿ. ಎರಡು ದಿನ ಊರಿಗೆ ಹೋಗಿ ಬಂದರೆ ಗ್ರೀನ್ ಹೋಗಿ ಮೇವು ಆಗಿರುತ್ತೆ.

ಮೊದಲು ನೆಲ. ಸಂಡೂರು ಕಡೆಯ ಕೆಂಪು ಮಸಾರಿ ಇದ್ದವರು ಪುಣ್ಯವಂತರು: ಮೇಲ್ಮಣ್ಣು ತೆಗೆದು ನೀರು ಹೊಡೆದು ರೋಲರ್ ಓಡಿಸಿದರೆ ಆಯ್ತು. ಸಿರುಗುಪ್ಪ ರಸ್ತೆ ಕಡೆ ಎರಿ ಭೂಮಿ. ಮಳೆಗೆ ಉಬ್ಬುತ್ತೆ, ಏಪ್ರಿಲ್ ಹೊತ್ತಿಗೆ ಕೈ ತೂರಿಸುವಷ್ಟು ಬಿರುಕು ಬಿಡುತ್ತೆ. ಎರಿ ಮೇಲೆ ನೇರವಾಗಿ ಉಸುಕು ಹಾಸಿದವರ ಉಸುಕೆಲ್ಲ ಬಿರುಕಿನೊಳಗೆ ಇಳಿದು ಹೋಗಿದೆ. ಅದಕ್ಕೆ ಒಂದಡಿ ಅಗೆದು ಗರಸು ತುಂಬಬೇಕು. ಆರಿಂಚು ಹಾಕಿ ನೀರು ಬಿಟ್ಟು ಮರುದಿನ ರೋಲರ್, ಮತ್ತೆ ಆರಿಂಚು, ಮತ್ತೆ ರೋಲರ್. ಒಂದೇ ಸಲ ತುಂಬಿದರೆ ಮೇಲೆ ಗಟ್ಟಿ, ಒಳಗೆ ಪೊಳ್ಳು. ಮೊದಲ ಜೋರು ಮಳೆಗೆ ನಡುವೆ ತಗ್ಗು ಬೀಳುತ್ತೆ. ಒಟ್ಟು ಎಂಟೊಂಬತ್ತು ಟ್ರ್ಯಾಕ್ಟರ್ ಟ್ರಾಲಿ ಗರಸು ಹಿಡಿಯಿತು.

ಗರಸಿನ ಮೇಲೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ. ಎಣ್ಣೆ ನೆಲಕ್ಕೆ ಇಳಿಯಬಾರದು, ಕೆಳಗಿನ ತೇವ ಮೇಲೆ ಬರಬಾರದು. ಹಾಳೆಯನ್ನೇ ನೂರಕ್ಕೆ ಒಂದರಂತೆ ಇಳಿಜಾರು ಹಾಸಿ, ಅಂಚು ಮಡಚದೆ ಬಿಡಬೇಕು. ತೊಟ್ಟಿ ಥರ ಎತ್ತಿ ಕಟ್ಟಿದರೆ ಮಳೆನೀರು ಒಳಗೇ ನಿಂತು, ಮೇಲೆ ಹಾಕುವ ಕ್ರಷರ್ ಡಸ್ಟ್ (ಜಲ್ಲಿ ಕ್ರಷರಿನ ಕಲ್ಲುಪುಡಿ) ರೊಜ್ಜಾಗುತ್ತೆ. ಹಾಳೆ ಮೇಲೆ ನೇರ ಉಸುಕು ಹಾಕಿದರೆ ಕಾಲಿಗೆ ಜಾರುತ್ತೆ, ಗೂಟಕ್ಕೆ ಹರಿಯುತ್ತೆ, ಆದ್ದರಿಂದ ನಡುವೆ ನಾಲ್ಕಿಂಚು ಕ್ರಷರ್ ಡಸ್ಟ್, ಗಟ್ಟಿ ರೋಲಿಂಗ್. ಡಸ್ಟಿಗೆ ಸಿಮೆಂಟ್ ಬೆರೆಸಿ ಒಂದು ಮೂಲೆಯಲ್ಲಿ ನೋಡಿದೆ. ಚೆಂಡು ಡಾಂಬರ್ ರಸ್ತೆ ಮೇಲೆ ಬಿದ್ದ ಹಾಗೆ ಪುಟಿದು ಆಚೆ ಹೋಗುತ್ತೆ. ಸಿಮೆಂಟ್ ಬೇಡ.

ಇನ್ನು ಉಸುಕು. ಹೊಳೆ ಉಸುಕು ದುಂಡು ಕಾಳು, ಕಾಲಡಿ ಸರಿಯುತ್ತೆ. ಎಂ-ಸ್ಯಾಂಡ್ ಮೂಲೆ ಮೂಲೆ ಇರುವ ಕಾಳು, ಒಂದಕ್ಕೊಂದು ಹಿಡಿದು ಕೂರುತ್ತೆ, ಆದರೆ ಅದರಲ್ಲಿನ ಪುಡಿ ಎಣ್ಣೆಯನ್ನೆಲ್ಲ ಕುಡಿದು ಹೆಂಟೆ ಕಟ್ಟುತ್ತೆ. ಗಿಲಾಯಿಗೆ ಬಳಸುವ ಪಿ-ಸ್ಯಾಂಡ್ ತೊಳೆದು ಪುಡಿ ತೆಗೆದು, ಅದರ ಎರಡು ಪಾಲಿಗೆ ಒಂದು ಪಾಲು ಹೊಳೆ ಉಸುಕು ಹಾಕಿದಾಗ ಕುದುರಿತು. ಎರಡನ್ನೂ ಗಿಲಾಯಿ ಸಾಣಿಗೆಯಲ್ಲಿ ಹಿಡಿದು ಬಿಸಿಲಿಗೆ ಹರವಬೇಕು. ಒದ್ದೆ ಕಾಳಿಗೆ ಎಣ್ಣೆ ಹತ್ತೋದಿಲ್ಲ. ಬಳ್ಳಾರಿ ಬಿಸಿಲು ಉಪಯೋಗಕ್ಕೆ ಬಂದದ್ದು ಇದೊಂದಕ್ಕೆ.

ದಪ್ಪ ಎಷ್ಟು ಅನ್ನೋದರ ಮೇಲೆ ಜಗಳವೇ ಆಗಿದೆ. ಎರಡಿಂಚು ಹಾಕಿದರೆ ಹೆಜ್ಜೆ ಗುರುತು ಕುಳಿಯಾಗುತ್ತೆ, ಚಿಪ್ ಮಾಡಿದ (ಹತ್ತಿರದಿಂದ ಮೆಲ್ಲಗೆ ಎತ್ತಿ ಹೊಡೆದ) ಚೆಂಡು ಬಿದ್ದಲ್ಲೇ ಹೂತು ನಿಲ್ಲುತ್ತೆ. ಒಂದಿಂಚಿಗೂ ಓಟ ಮಂದ. ಅರ್ಧ ಇಂಚು, ಹೆಚ್ಚೆಂದರೆ ಇನ್ನೊಂದು ನೂಲು. ಅಷ್ಟಕ್ಕೆ ಒಂದೂವರೆ ಟನ್ ಆಚೀಚೆ ಸಾಕು. ಅರ್ಧ ಬ್ರಾಸ್ (ಐವತ್ತು ಘನ ಅಡಿ) ತರಿಸಿದರೆ ಸಾಣಿಗೆಯ ಮೇಲೆ ನಿಂತದ್ದು ಕಳೆದೂ ಅಷ್ಟು ಸಿಗುತ್ತೆ.

ಹೆಚ್ಚು ದುಡ್ಡು ದಂಡವಾದದ್ದು ಎಣ್ಣೆಯಲ್ಲಿ. ಗ್ಯಾರೇಜಿನ ಕರಿ ಆಯಿಲ್ ಎಲ್ಲರೂ ಹೇಳುವ ಉಪಾಯ. ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮದೊಳಗೆ ಬರುತ್ತೆ, ನೆಲಕ್ಕೆ ಸುರಿಯುವ ಹಾಗಿಲ್ಲ. ಅದಲ್ಲದೆ ಚೆಂಡು, ಪ್ಯಾಂಟು, ಅಂಗೈ ಎಲ್ಲ ಕರ್ರಗೆ. ಡೀಸೆಲ್ ಬಿಸಿಲಿಗೆ ಹಾರಿ ಹೋಗುತ್ತೆ, ಜತೆಗೆ ಬೀಡಿ ಸೇದುವವನೊಬ್ಬ ಬಂದರೆ ಎದೆ ಡವಡವ. ಮಿರ್ಚಿ ಬಂಡಿಯವರು ಬಿಸಾಡುವ ಕರಿದ ಎಣ್ಣೆ ಪುಕ್ಕಟೆ ಸಿಕ್ಕಿತು. ಕೆಲವು ವಾರಕ್ಕೆ ಆ ಸೂರ್ಯಕಾಂತಿ ಎಣ್ಣೆ ಗಾಳಿ ಬಿಸಿಲಿಗೆ ಒಣಗಿ ಅಂಟಾಯಿತು, ಇರುವೆ ಗೂಡು ಕಟ್ಟಿದವು, ನಾಯಿ ಬಂದು ಕೆದರಿದವು. ಹರಳೆಣ್ಣೆ ಒಣಗೋದಿಲ್ಲ, ನಿಜ, ಆದರೆ ವಿಪರೀತ ಜಿಗುಟು, ಚಳಿಗಾಲದ ಬೆಳಿಗ್ಗೆ ಚೆಂಡು ಕಚ್ಚಿ ಹಿಡಿಯುತ್ತೆ.

ಉತ್ತರ ನಮ್ಮ ಜೀನ್ಸ್ ಹೊಲಿಯುವ ಯೂನಿಟ್‌ಗಳಲ್ಲೇ ಇತ್ತು. ಹೊಲಿಗೆ ಮಷಿನ್‌ಗೆ ಹಾಕುವ ಬಿಳಿ ಎಣ್ಣೆ: ತೆಳು, ವಾಸನೆ ಇಲ್ಲ, ಬಟ್ಟೆಗೆ ಕಲೆ ಕೂರಬಾರದು ಅಂತಲೇ ಮಾಡಿದ್ದು. ಕ್ಯಾನಲ್ಲಿ ತಗೊಂಡರೆ ಲೀಟರಿಗೆ ನೂರಾ ಮೂವತ್ತರ ಸುತ್ತ ಬಿತ್ತು. ತೂಕದಲ್ಲಿ ನೂರಕ್ಕೆ ಮೂರು ಪಾಲು ಎಣ್ಣೆ, ಅಂದರೆ ಒಂದೂವರೆ ಟನ್ನಿಗೆ ಐವತ್ತರಿಂದ ಐವತ್ತೈದು ಲೀಟರ್. ಕಾಂಕ್ರೀಟ್ ಮಿಲ್ಲರ್‌ನಲ್ಲಿ ಉಸುಕು ತಿರುಗುತ್ತಿರುವಾಗ ಮಗ್ಗಿನಿಂದ ಸ್ವಲ್ಪ ಸ್ವಲ್ಪ ಬಿಡಬೇಕು, ಒಮ್ಮೆಲೆ ಸುರಿದರೆ ಗಂಟಾಗುತ್ತೆ. ಹದ ನೋಡೋದು ಕೈಯಿಂದಲೇ. ಮುಷ್ಟಿ ಹಿಡಿದರೆ ರವೆ ಉಂಡಿ ಹಾಗೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು, ಅಂಗೈಯಲ್ಲಿ ಎಣ್ಣೆ ಜಿನುಗಬಾರದು. ಎಣ್ಣೆಯ ಜತೆ ಇನ್ನೊಂದು ಪುಡಿಯನ್ನೂ ಹಾಕ್ತೀನಿ, ಗಾಳಿಗೆ ಹಾರದ ಹಾಗೆ ಹಿಡಿಯೋದು ಅದೇ. ಹೆಸರು ಇಲ್ಲಿ ಬರೆಯೋದಿಲ್ಲ. ಜಿಪ್ಸಂ ಅಲ್ಲ, ಹಾರುಬೂದಿಯೂ ಅಲ್ಲ. ಊಹೆ ಮಾಡಿದವರೆಲ್ಲ ಈ ಎರಡನ್ನೇ ಹೇಳ್ತಾರೆ.

ಕಪ್, ಅಂದರೆ ಚೆಂಡು ಬೀಳುವ ಹೋಲ್, ಅದರ ಬಗ್ಗೆ ಒಂದು ಕಿವಿಮಾತು. ನಿಯಮದ ಪ್ರಕಾರ ಹೋಲ್ 108 ಮಿಲಿಮೀಟರ್, ಆಳ ಕನಿಷ್ಠ ನಾಲ್ಕಿಂಚು. ಅಂಗಡಿಯಲ್ಲಿ ನಾಲ್ಕಿಂಚಿನ ಪಿವಿಸಿ ಪೈಪ್ ಅಂತ ಕೊಡೋದರ ಹೊರ ಅಳತೆ 110, ಒಳ ಅಳತೆ ಮಾತ್ರ 104-105. ಹುಲ್ಲಿನ ಗ್ರೀನ್‌ನಲ್ಲಿ ಲೈನರ್ (ಹೋಲ್ ಒಳಗೆ ಇಡುವ ಡಬ್ಬಿ) ಒಂದಿಂಚು ಕೆಳಗೆ ಇರುತ್ತೆ, ಮಣ್ಣಿನ ಅಂಚೇ ಹೋಲ್. ಉಸುಕಿನ ಅಂಚು ನಿಲ್ಲೋದಿಲ್ಲ, ಪೈಪಿನ ಬಾಯಿ ಮೇಲ್ಮೈಗೆ ಸಮ ಇರಬೇಕು. ಆಗ ಹೋಲ್ ಕಿರಿದಾಗಿ ಒಳ್ಳೆ ಪಟ್ಟೂ ತುಟಿ ಸವರಿ ಆಚೆ ಹೋಗುತ್ತೆ. ಪೈಪಿನ ಬಾಯಿಯನ್ನು ಒಳಗಿನಿಂದ ಓರೆಯಾಗಿ ಅರ ಹಾಕಿ ಅಂಚು ಒಂದು ಮಿಲಿಮೀಟರ್ ಉಳಿಸಿದರೆ ಸರಿಯಾಗಿ 108 ಬರುತ್ತೆ.

ಉಸುಕು ಸಮ ಮಾಡಲು ಎಳೆಯುವ ಮ್ಯಾಟ್‌ಗೆ ಡೆನಿಮ್. ಕಟಿಂಗ್ ಟೇಬಲ್‌ನಲ್ಲಿ ಉಳಿದ ದಪ್ಪ ಬಟ್ಟೆ ಕೆಜಿ ಲೆಕ್ಕದಲ್ಲಿ ಸಿಗುತ್ತೆ. ನಾಲ್ಕಡಿ ಅಗಲ, ಎರಡು ಪದರ, ಮುಂದಿನ ಮಡಿಕೆಯಲ್ಲಿ ಮುಕ್ಕಾಲು ಇಂಚಿನ ಜಿಐ ಪೈಪ್. ಹೊಲಿಗೆ ದಪ್ಪ ಇದ್ದ ಕಡೆ ಉಸುಕಿನ ಮೇಲೆ ಗೆರೆ ಬೀಳುತ್ತೆ, ಆ ಗೆರೆ ಹಿಡಿದೇ ಚೆಂಡು ಓಡುತ್ತೆ. ಜೋಡಿಸಿದ ತುಂಡು ಬೇಡ, ಇಡೀ ತುಂಡೇ ಬೇಕು. ಕಪ್ಪಿನಿಂದ ಶುರು ಮಾಡಿ ಸುತ್ತುತ್ತ ಅಂಚಿಗೆ ಬರಬೇಕು. ಅಂಚಿನಿಂದ ಒಳಗೆ ಎಳೆದರೆ ಉಸುಕು ನಡುವೆ ಸೇರಿ ಕಪ್ಪಿನ ಸುತ್ತ ದಿಬ್ಬ ಆಗುತ್ತೆ.

ಓಟ ಅಳೆಯೋ ಹುಚ್ಚೂ ಹತ್ತಿತ್ತು. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಮಾಡಿದ ಸ್ಟಿಂಪ್‌ಮೀಟರ್ ಮೂರಡಿ ಪಟ್ಟಿ, ಅಗಲವಾಗಿ ತೆರೆದ ಕಾಲುವೆ. ಒಂದು ತುದಿ ಎತ್ತಿದಾಗ ಕಚ್ಚಿನಿಂದ ಚೆಂಡು ಉರುಳಿ ಎಷ್ಟು ಅಡಿ ಓಡಿತು ಅನ್ನೋದೇ ಅಳತೆ. ಬದಲಿಗೆ ಅಲ್ಯುಮಿನಿಯಂ ಎಲ್ ಆಂಗಲ್ ಹಿಡಿದು, ಕೆಳತುದಿಯಿಂದ ಮೂವತ್ತಿಂಚಿಗೆ ಕಚ್ಚು ಹಾಕಿ ಮಾಡಿದೆ. ಎಲ್ ಆಂಗಲ್ ಕಡಿದಾದ ಮೂಲೆ, ಚೆಂಡು ಎರಡು ಪಕ್ಕ ಮುಟ್ಟಿ ಹೆಚ್ಚು ಗಿರಗಿರ ತಿರುಗಿ ಹೊರಬೀಳುತ್ತೆ, ಅಳತೆ ಕ್ಲಬ್ಬಿನ ಲೆಕ್ಕಕ್ಕೆ ಹೊಂದೋದಿಲ್ಲ. ನಿನ್ನೆಗೂ ಇವತ್ತಿಗೂ ಹೋಲಿಸಲು ಮಾತ್ರ ಸಾಕು. ಹೊಸದಾಗಿ ಎಳೆದ ಬ್ರೌನ್ ಮೇಲೆ ಏಳೂವರೆ ಅಡಿ ಹತ್ತಿರ, ನಾಲ್ಕು ಜನ ಆಡಿದ ಮೇಲೆ ಆರಕ್ಕೆ ಇಳಿಯುತ್ತೆ. ಎರಡೂ ದಿಕ್ಕಿಗೆ ಉರುಳಿಸಿ ಸರಾಸರಿ ತಗೊಳ್ಳಿ.

ಎರಿ ಮೇಲೆ ಎಲ್ಲ ಸೇರಿ ಐವತ್ತು ಸಾವಿರ ದಾಟಿತು, ಅದರಲ್ಲಿ ಗರಸು, ಡಸ್ಟ್, ಜೆಸಿಬಿ, ರೋಲರೇ ಮುಕ್ಕಾಲು ಪಾಲು. ಮಸಾರಿ ಮೇಲೆ ಇದರ ಅರ್ಧ ಸಾಕು. ಕೆಟ್ಟ ಎಣ್ಣೆಗಳಿಗೆ, ಕಿತ್ತು ಹಾಕಿದ ಉಸುಕಿಗೆ ಹೋದದ್ದು ಬೇರೆ, ಆ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಬ್ರೌನ್ ಮೇಲೆ ಆಡುವ ಶಿಸ್ತು ಹುಲ್ಲಿಗಿಂತ ಬಿಗಿ. ಇಲ್ಲಿ ಪ್ರತಿ ಹೆಜ್ಜೆಯೂ ಕಾಣುತ್ತೆ. ಪಟ್ ಮಾಡುವವನಿಗೆ ಚೆಂಡಿನಿಂದ ಕಪ್ಪಿನವರೆಗೆ ಒಂದು ಪಟ್ಟೆ ಎಳೆದು ಕೊಡಬೇಕು. ಇದು ನಮ್ಮ ಸ್ಥಳೀಯ ನಿಯಮ, ಪುಸ್ತಕದಲ್ಲಿ ಹುಡುಕಬೇಡಿ. ಇನ್ನೊಬ್ಬರ ಲೈನ್ ದಾಟೋದಾದರೆ ಕಪ್ಪಿನ ಹಿಂದಿನಿಂದ ಸುತ್ತಿ ಬನ್ನಿ. ಸ್ಪೈಕ್ ಶೂ ಬೇಡ, ಚಪ್ಪಟೆ ತಳದ ಕ್ಯಾನ್ವಾಸ್ ಸಾಕು. 2019ರಿಂದ ಫ್ಲಾಗ್ ತೆಗೆಯದೆ ಪಟ್ ಮಾಡಬಹುದು, ಅದರಿಂದ ಓಡಾಟವೂ ಕಮ್ಮಿ. ಕಳೆದ ಚೆಂಡು ಹುಡುಕಲು ಆ ವರ್ಷದಿಂದ ಐದಲ್ಲ, ಮೂರೇ ನಿಮಿಷ. ಜಾಲಿ ಮುಳ್ಳಿನೊಳಗೆ ಹೋದದ್ದನ್ನು ಅರ್ಧ ಗಂಟೆ ಹುಡುಕಿ ಹಿಂದಿನವರನ್ನು ಬಿಸಿಲಲ್ಲಿ ಒಣಗಿಸುವವರು ಇದನ್ನು ಗೋಡೆಗೆ ಬರೆದುಕೊಳ್ಳಲಿ.

ಇನ್ನು ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲಿನ ಬಗ್ಗೆ: ನಮ್ಮ ಗಟ್ಟಿ ನೆಲಕ್ಕೆ 56 ಡಿಗ್ರಿಯ ಹೆಚ್ಚು ಬೌನ್ಸಿನ ವೆಜ್ (ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ಕ್ಲಬ್) ಶತ್ರು. ಬೌನ್ಸ್ ಅಂದರೆ ಅದರ ತಳದ ಉಬ್ಬಿನ ಕೋನ. ಹನ್ನೆರಡು, ಹದಿನಾಲ್ಕು ಡಿಗ್ರಿ ಬೌನ್ಸ್ ನೆಲಕ್ಕೆ ಬಡಿದು ಮೇಲೆದ್ದು ಚೆಂಡಿನ ನಡುವಿಗೆ ಹೊಡೆಯುತ್ತೆ. ನಾಲ್ಕರಿಂದ ಆರು ಡಿಗ್ರಿಯದ್ದು ತಗೊಳ್ಳಿ, ಇಲ್ಲದಿದ್ದರೆ ಎಂಟನೇ ನಂಬರಿನ ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ಹಿಡಿದು ಉರುಳಿಸಿ. ಫೋರ್ಜ್ಡ್ (ಬಡಿದು ಮಾಡಿದ) ಐರನ್ ಮೆತ್ತಗಿನ ಉಕ್ಕು, ಬೆಣಚುಕಲ್ಲಿಗೆ ಮುಖ ಚಪ್ಪೆಯಾಗುತ್ತೆ. ಎರಕದ 17-4 ಸ್ಟೇನ್‌ಲೆಸ್ ಬಾಳಿಕೆ ಬರುತ್ತೆ, ಲೈ (ಕೋಲು ನೆಲಕ್ಕೆ ಕೂರುವ ಕೋನ) ತಿದ್ದಲು ಹೋದರೆ ಮಾತ್ರ ಸುಲಭಕ್ಕೆ ಬಗ್ಗೋದಿಲ್ಲ. ಕಲ್ಲಿನ ನೆಲದಲ್ಲಿ ಚೆಂಡಿಟ್ಟು ಹೊಡೆಯಲು ಒಂದಡಿ ಕೃತಕ ಹುಲ್ಲಿನ ತುಂಡು ಜತೆಗಿರಲಿ. ಯುರೆಥೇನ್ ಹೊದಿಕೆಯ ದುಬಾರಿ ಚೆಂಡು ಇಲ್ಲಿ ಶೋಕಿ, ಒಂದೇ ಕಲ್ಲಿಗೆ ಕಚ್ಚು.

ಗ್ರಿಪ್ (ಕ್ಲಬ್ಬಿನ ಹಿಡಿಕೆಯ ರಬ್ಬರ್) ಬದಲಿಸೋದು ಮನೆಯಲ್ಲೇ ಮಾಡಿ, ಆದರೆ ಅದನ್ನು ಅಂಟು ಟೇಪಿನ ಮೇಲೆ ಜಾರಿಸಲು ಸೀಮೆಎಣ್ಣೆ ಹಾಕಬೇಡಿ. ಅದರ ಜಿಡ್ಡು ಉಳಿದು ಟೇಪ್ ಹಿಡಿಯೋದೇ ಇಲ್ಲ. ಪೆಟ್ರೋಲ್ ನಮ್ಮ ಬಿಸಿಲಿಗೆ ಅರ್ಧಕ್ಕೇ ಆರಿ ಗ್ರಿಪ್ ನಡುವೆ ಸಿಕ್ಕಿಕೊಳ್ಳುತ್ತೆ, ಹೊರಗೂ ಬರೋದಿಲ್ಲ. ಟರ್ಪಂಟೈನ್, ಬೆಳಿಗ್ಗೆ ಎಂಟರೊಳಗೆ, ಒಂದು ದಿನ ಒಣಗಲು ಬಿಡಿ. ಪಂಕ್ಚರ್ ಅಂಗಡಿಯ ಗಾಳಿಯಿಂದಲೂ ಏರಿಸಿದ್ದೇನೆ. ಆಗ ಮಾಸ್ಕಿಂಗ್ ಟೇಪ್ ಒಂದೇ ಸುತ್ತು, ಬೇರೆ ಅಂಟು ಬೇಕಿಲ್ಲ. ಗಾಳಿ ಹೆಚ್ಚಾದರೆ ಗ್ರಿಪ್ ಬಲೂನಾಗಿ ಹಾಳಾಗುತ್ತೆ, ಕೈ ತಡೆದು ಬಿಡೋದು ಅಭ್ಯಾಸದ ಮಾತು. ಮೇ ತಿಂಗಳಲ್ಲಿ ಕ್ಲಬ್ಬುಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಕ್ಲಬ್ಬಿನ ತಲೆ ಹಿಡಿದ ಎಪಾಕ್ಸಿ ಅಂಟೂ ಸಡಿಲಾಗಬಹುದು.

ಬ್ರೌನ್ ಮೇಲಿನ ಸ್ಕೋರು ಹ್ಯಾಂಡಿಕ್ಯಾಪ್‌ಗೆ (ಆಟಗಾರನ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿಗೆ) ಸೇರೋದಿಲ್ಲ, ರೇಟಿಂಗ್ ಇರುವ ಕೋರ್ಸ್ ಬೇಕು. ಒಳ್ಳೇದೇ ಆಯ್ತು. 2020ರ ವರ್ಲ್ಡ್ ಹ್ಯಾಂಡಿಕ್ಯಾಪ್ ಪದ್ಧತಿ ಬಂದರೂ ಟೂರ್ನಮೆಂಟಿಗೆ ಮುಂಚೆ ಹ್ಯಾಂಡಿಕ್ಯಾಪ್ ಉಬ್ಬಿಸಿಕೊಳ್ಳುವವರು ಇದ್ದೇ ಇದ್ದಾರೆ, ಅವರಿಗೆ ಇಲ್ಲಿ ಲಾಭವಿಲ್ಲ. ಕಾಲರ್ ಇಲ್ಲದ ಅಂಗಿಗೆ ಮುಖ ಸಿಂಡರಿಸಿ, ಅದೇ ಬಾಯಲ್ಲಿ ಕ್ಯಾಡಿಯನ್ನು ‘ಲೇ, ಬಾರಲೇ’ ಅಂತ ಕರೆಯುವವರನ್ನು ಎರಡನೇ ಸಲ ಕರೆಯೋದಿಲ್ಲ. ಬ್ಯಾಗ್ ಹೊತ್ತು ಮ್ಯಾಟ್ ಎಳೆಯುವವನು ದೊಡ್ಡವನಿರಬೇಕು, ಶಾಲೆ ಬಿಡಿಸಿದ ಹುಡುಗ ಅಲ್ಲ. ಅವನಿಗೂ ಟೋಪಿ, ನೀರು, ಆಟ ಮುಗಿದ ಕೂಡಲೇ ಕೂಲಿ. ನಮ್ಮಲ್ಲಿ ಆ ದುಡ್ಡು ಮೊದಲ ಹೋಲ್‌ಗೆ ಮುಂಚೆಯೇ ಎಲ್ಲರ ಪಾಲು ಸೇರಿ ಒಬ್ಬರ ಕೈಯಲ್ಲಿ ಇರುತ್ತೆ. ಸೋತವನು ಕೊಡಲಿ ಅನ್ನೋ ಪಂದ್ಯಕ್ಕೆ ಕೂಲಿ ಸೇರೋದಿಲ್ಲ.