ಬ್ಲಾಕ್ ಎಲ್ಲಿದೆ ಎಂದು ಮೊದಲು ಕೇಳಿ: ಗಡ್ಡೆಯ ವಂಶವಾಹಿ ಪರೀಕ್ಷೆ ಮಾಡಿಸುವವರಿಗೆ

ನಮ್ಮ ಪ್ರಯೋಗಾಲಯದ ಕಿಟಕಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಸ್ಕ್ಯಾನ್ ಫಿಲ್ಮುಗಳ ಚೀಲ ಮತ್ತು ಮಡಚಿ ಮಡಚಿ ಹರಿಯುವಂತಾದ ಒಂದು ಚೀಟಿ ಇರುತ್ತಿತ್ತು. ಚೀಟಿಯಲ್ಲಿ ‘ಬ್ಲಾಕ್ ತನ್ನಿ’ ಎಂದಷ್ಟೇ ಬರೆದಿರುತ್ತಿತ್ತು. ಬ್ಲಾಕ್ ಎಂದರೇನೆಂದು ಅವರಿಗೆ ಯಾರೂ ಹೇಳಿರುತ್ತಿರಲಿಲ್ಲ. ಒಬ್ಬ ಹಿರಿಯರು, ‘ಎ ಬ್ಲಾಕೋ ಬಿ ಬ್ಲಾಕೋ, ಅಮ್ಮ?’ ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಕಟ್ಟಡ ಹುಡುಕಿಕೊಂಡು ಹೊರಟೇಬಿಟ್ಟಿದ್ದರು.

ನಾನು ಅಂಗಾಂಶ ಪರೀಕ್ಷಿಸುವ ಹಿಸ್ಟೋಪೆಥಾಲಜಿ ವಿಭಾಗದಲ್ಲಿ 29 ವರ್ಷ ತಂತ್ರಜ್ಞೆಯಾಗಿದ್ದವಳು. ವೈದ್ಯೆಯಲ್ಲ, ಯಾವ ಮಾತ್ರೆ ನುಂಗಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಮಾತ್ರೆಯನ್ನು ಆರಿಸಲು ಬೇಕಾದ, ಕ್ಯಾನ್ಸರ್ ಗಡ್ಡೆಯ ವಂಶವಾಹಿಯಲ್ಲಿ ಏನು ಬದಲಾಗಿದೆ ಎಂದು ನೋಡುವ ಪರೀಕ್ಷೆ ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಯಂತ್ರದ ತಪ್ಪಿನಿಂದ ಕೆಟ್ಟದ್ದು ಕಡಿಮೆ. ಜಾಡಿಯಲ್ಲಿ, ಮೇಣದಲ್ಲಿ, ದಾರಿಯಲ್ಲಿ ಕೆಟ್ಟದ್ದೇ ಹೆಚ್ಚು.

ಬ್ಲಾಕ್ ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಕ್ಯಾಸೆಟ್ಟಿನ ಬೆನ್ನಿಗೆ ಅಂಟಿರುವ ಪ್ಯಾರಾಫಿನ್ ಮೇಣದ ತುಂಡು. ಮೇಣದೊಳಗೆ ಮಾಸಲು ಬಣ್ಣದಲ್ಲಿ ಕಾಣುವುದೇ ನಿಮ್ಮವರ ಗಡ್ಡೆಯ ಚೂರು. ಕ್ಯಾಸೆಟ್ಟಿನ ಅಂಚಿನಲ್ಲಿ ಸೀಸದ ಕಡ್ಡಿಯಲ್ಲಿ ಬರೆದ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಜಾಡಿ ನಿಮ್ಮ ಕೈಗೆ ಬಂದರೆ

ದೊಡ್ಡ ಆಸ್ಪತ್ರೆಗಳಲ್ಲಿ ಬಯಾಪ್ಸಿಯ ತುಂಡು ತಾನಾಗಿಯೇ ಪ್ರಯೋಗಾಲಯ ಸೇರುತ್ತದೆ. ಊರಿನ ನರ್ಸಿಂಗ್ ಹೋಮುಗಳಲ್ಲಿ ಜಾಡಿಯನ್ನು ಮನೆಯವರ ಕೈಗೇ ಕೊಟ್ಟು ‘ಲ್ಯಾಬಿಗೆ ಕೊಟ್ಟು ಬನ್ನಿ’ ಎನ್ನುವುದುಂಟು. ಹಾಗೆ ಕೊಟ್ಟರೆ ಒಳಗಿರುವ ದ್ರವ ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ತಾನೇ ಎಂದು ಅಲ್ಲೇ ಕೇಳಿ. ಸಲೈನಿನಲ್ಲಿಟ್ಟ ಅಂಗಾಂಶ ಗಂಟೆ ಗಂಟೆಗೂ ಹಾಳಾಗುತ್ತದೆ. ದ್ರವವು ತುಂಡಿನ ಹತ್ತು ಪಟ್ಟಾದರೂ ಇರಬೇಕು. ಹೆಸರು, ಯಾವ ಅಂಗ, ಎಡವೋ ಬಲವೋ, ತುಂಡನ್ನು ದ್ರವಕ್ಕೆ ಹಾಕಿದ ಹೊತ್ತು, ಇಷ್ಟೂ ಮುಚ್ಚಳದ ಮೇಲಲ್ಲ, ಜಾಡಿಯ ಮೈಮೇಲೆ ಬರೆದಿರಬೇಕು, ಮುಚ್ಚಳಗಳು ಅದಲುಬದಲಾಗುತ್ತವೆ.

ಜಾಡಿಯ ಬಾಯಿ ಅಗಲವಿರಲಿ. ಒಮ್ಮೆ ಕಿರಿದಾದ ಬಾಯಿಯ ಬಾಟಲಿಯಲ್ಲಿ ಸ್ತನದ ಗಡ್ಡೆ ಬಂದಿತ್ತು. ತುರುಕುವಾಗ ಮೆತ್ತಗಿದ್ದದ್ದು ಫಾರ್ಮಲಿನ್ನಿನಲ್ಲಿ ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ, ಕೊನೆಗೆ ಬಾಟಲಿಯನ್ನೇ ಒಡೆಯಬೇಕಾಯಿತು.

ಹೊತ್ತಿಗೂ ಲೆಕ್ಕವಿದೆ. ಸ್ತನದ ಗಡ್ಡೆಗೆ ಮಾಡುವ ಹಾರ್ಮೋನ್ ಗ್ರಾಹಕ ಮತ್ತು ಹರ್2 (ಗಡ್ಡೆ ಬೆಳೆಸುವ ಒಂದು ಪ್ರೋಟೀನು) ಪರೀಕ್ಷೆಗಳಿಗೆ ತುಂಡು ಫಾರ್ಮಲಿನ್ನಿನಲ್ಲಿ 6ರಿಂದ 72 ಗಂಟೆ ಇದ್ದಿರಬೇಕು. ಶನಿವಾರ ಬೆಳಿಗ್ಗೆ ಕೊಟ್ಟ ಜಾಡಿ ಹಬ್ಬದ ರಜೆ ಮುಗಿಸಿಕೊಂಡು ಬುಧವಾರ ನಮ್ಮ ಮೇಜಿಗೆ ಬಂದರೆ ಆ ಗಡುವು ದಾಟಿರುತ್ತದೆ. ಫಾರ್ಮಲಿನ್ನಿನಲ್ಲಿ ಹೆಚ್ಚು ಕಾಲ ನೆನೆದ ಡಿಎನ್‌ಎ ತುಂಡು ತುಂಡಾಗುತ್ತದೆ. ಮೂಳೆಯಿಂದ ತೆಗೆದ ಬಯಾಪ್ಸಿಯಾದರೆ ಇನ್ನೊಂದು ಮಾತು ಕೇಳಿಡಿ: ಸುಣ್ಣದಂಶ ಕರಗಿಸಲು ಬಲವಾದ ಆಮ್ಲ ಹಾಕುತ್ತೀರೋ, ಇಡಿಟಿಎ ಎಂಬ ಸೌಮ್ಯ ದ್ರಾವಣ ಹಾಕುತ್ತೀರೋ? ಆಮ್ಲವು ಡಿಎನ್‌ಎಯನ್ನು ತಿಂದುಹಾಕುತ್ತದೆ.

ಮೇಣದ ಲೆಕ್ಕ

2019ರಲ್ಲಿ ನನ್ನ ಅಕ್ಕನಿಗೆ ಎರಡು ತಿಂಗಳಾದರೂ ಬಿಡದ ಒಣಕೆಮ್ಮು. ನಿವೃತ್ತ ಕನ್ನಡ ಮೇಡಂ, ಬೀಡಿ ಸಿಗರೇಟಿನ ಹೊಗೆ ಕಂಡರೆ ಬಸ್ಸಿನಿಂದಲೇ ಇಳಿದುಬಿಡುವವಳು. ಮೊದಲು ಟಿಬಿ ಎಂದುಕೊಂಡರು. ಆಮೇಲೆ ಸೂಜಿ ಹಾಕಿ ಶ್ವಾಸಕೋಶದಿಂದ ಎರಡು ಎಳೆ ತೆಗೆದರು; ಶಾವಿಗೆಯಷ್ಟು ಸಪೂರ, ಒಂದೊಂದೂ ಸೆಂಟಿಮೀಟರಿನಷ್ಟು ಉದ್ದ. ಇಷ್ಟರಿಂದಲೇ ಎಲ್ಲ ಪರೀಕ್ಷೆಯೂ ಆಗಬೇಕಿತ್ತು.

ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಬ್ಲಾಕನ್ನು ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತೇವೆ, ಕೂದಲೆಳೆಯ ಹತ್ತನೆಯ ಒಂದು ಭಾಗಕ್ಕಿಂತಲೂ ತೆಳುವಾಗಿ. ಹೆರೆದ ಮೇಣ ರಿಬ್ಬನ್ನಿನಂತೆ ಬರುತ್ತದೆ. ಅದನ್ನು ಬಿಸಿನೀರಿನ ಮೇಲೆ ತೇಲಿಸಿ ಗಾಜಿಗೆ ಎತ್ತಿಕೊಳ್ಳುತ್ತೇವೆ. ಒಮ್ಮೆ ಬಿಚ್ಚಿದ ಬ್ಲಾಕನ್ನು ಮತ್ತೆ ಕೂರಿಸಿದರೆ ಮೊದಲಿನ ಓರೆ ಸಿಗುವುದಿಲ್ಲ. ಮುಖ ಸಮವಾಗುವವರೆಗೆ ಹೆರೆದದ್ದೆಲ್ಲ ಕಸಕ್ಕೆ. ಅಕ್ಕನ ಬ್ಲಾಕನ್ನು ಮೊದಲು ಸಾಮಾನ್ಯ ಬಣ್ಣಕ್ಕೆಂದು ಕತ್ತರಿಸಿದರು. ವಾರದ ಬಳಿಕ ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯಲು ಟಿಟಿಎಫ್-1 ಮತ್ತು ಪಿ40 ಎಂಬ ವಿಶೇಷ ಬಣ್ಣಗಳು, ಮತ್ತೆ ನಾಲ್ಕು ದಿನಕ್ಕೆ ಇನ್ನೆರಡು ಬಣ್ಣ. ಎರಡನೆಯ ಸಲ ಮುಖ ಸಮ ಮಾಡಿದವಳು ನಾನೇ; ಸಂಖ್ಯೆ ಮಾತ್ರ ನೋಡಿದ್ದೆ, ಹೆಸರು ನೋಡಿರಲಿಲ್ಲ. ಕೊನೆಗೆ ವಂಶವಾಹಿ ಪರೀಕ್ಷೆಗೆ ಹೋದಾಗ ಬಂದ ಉತ್ತರ: ‘ಮಾದರಿ ಸಾಲದು.’ ಅಕ್ಕ ಮತ್ತೊಮ್ಮೆ ಸೂಜಿಗೆ ಮೈಯೊಡ್ಡಬೇಕಾಯಿತು.

ಆದ್ದರಿಂದ ಬಯಾಪ್ಸಿಗೆ ಮೊದಲೇ ವೈದ್ಯರಲ್ಲಿ ಹೀಗೆ ಕೇಳಿ: ‘ಮುಂದೆ ವಂಶವಾಹಿ ಪರೀಕ್ಷೆ ಬೇಕಾಗಬಹುದಲ್ಲವೇ? ಹಾಗೆಂದು ಲ್ಯಾಬಿನ ನಮೂನೆಯಲ್ಲಿ ಈಗಲೇ ಬರೆಯುತ್ತೀರಾ?’ ಆ ಒಂದು ಸಾಲು ಕಂಡರೆ ತಿಳಿದ ತಂತ್ರಜ್ಞರು ಒಂದೇ ಪಟ್ಟಿನಲ್ಲಿ ಬಣ್ಣ ಹಾಕದ ಹತ್ತು ಹನ್ನೆರಡು ಸ್ಲೈಡು ಕತ್ತರಿಸಿ ತೆಗೆದಿಡುತ್ತಾರೆ.

ಬ್ಲಾಕನ್ನು ಬೇರೆ ಲ್ಯಾಬಿಗೆ ಒಯ್ಯಬೇಕಾದಾಗ ಒಂದೇ ರೋಗಿಯ ಹೆಸರಿನಲ್ಲಿ ಐದಾರು ಬ್ಲಾಕುಗಳಿರಬಹುದು. ಎಲ್ಲದರಲ್ಲೂ ಗಡ್ಡೆ ಇರುವುದಿಲ್ಲ. ಕೆಲವು ಅಂಚಿನವು, ಕೆಲವು ಬರೀ ಕೊಬ್ಬು. ಜೀವಂತ ಗಡ್ಡೆಯ ಕೋಶಗಳು ಹೆಚ್ಚಿರುವ ಬ್ಲಾಕ್ ಯಾವುದೆಂದು ಪೆಥಾಲಜಿಸ್ಟರಿಂದಲೇ ಗುರುತು ಹಾಕಿಸಿ. ಮೂಲ ವರದಿಯ ನಕಲು ಜೊತೆಗಿರಲಿ. ರಿಜಿಸ್ಟರಿನಲ್ಲಿ ಸಹಿ ಹಾಕಿ ಪಡೆಯಿರಿ, ಕೆಲಸ ಮುಗಿದ ಮೇಲೆ ಹಿಂದಿರುಗಿಸಿ ಸಹಿ ಹಾಕಿಸಿಕೊಳ್ಳಿ. ಅದನ್ನು ಗಟ್ಟಿ ಡಬ್ಬಿಯಲ್ಲಿಡಿ. ಮೇಣ ಕರಗುವುದು ಸುಮಾರು 56ರಿಂದ 60 ಡಿಗ್ರಿಗೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅಷ್ಟು ಕಾವು ಬರುವುದು ದೊಡ್ಡ ಮಾತಲ್ಲ. ಹಾಗೆ ಬಂದ ಒಂದು ಬ್ಲಾಕ್ ಕ್ಯಾಸೆಟ್ಟಿನ ಜಾಲರಿಯೊಳಕ್ಕೆ ಇಳಿದು ಕೂತಿತ್ತು.

ಯಾವ ಪರೀಕ್ಷೆ?

ಗಡ್ಡೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಶ್ವಾಸಕೋಶದ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರಿಗೆ ಕನಿಷ್ಠ ಇಜಿಎಫ್‌ಆರ್, ಆಲ್ಕ್, ರಾಸ್1 ವಂಶವಾಹಿಗಳು, ಜೊತೆಗೆ ಪಿಡಿ-ಎಲ್1 ಎಂಬ ಪ್ರೋಟೀನು. ಸ್ತನಕ್ಕೆ ಹಾರ್ಮೋನ್ ಗ್ರಾಹಕಗಳಾದ ಇಆರ್, ಪಿಆರ್, ಜೊತೆಗೆ ಹರ್2. ಹರ್2 ‘2+’ ಎಂದು ಬಂದರೆ ಅದು ಹೌದೂ ಅಲ್ಲ, ಅಲ್ಲವೂ ಅಲ್ಲ, ವಂಶವಾಹಿಯ ಪ್ರತಿಗಳನ್ನೇ ಎಣಿಸುವ ಫಿಶ್ ಪರೀಕ್ಷೆ ಮಾಡಿಸಬೇಕು. ದೊಡ್ಡ ಕರುಳಿಗೆ ರ‍್ಯಾಸ್ ವಂಶವಾಹಿಗಳು, ಏಕೆಂದರೆ ಅಲ್ಲಿ ರೂಪಾಂತರ (ಮ್ಯುಟೇಶನ್) ಇದ್ದರೆ ಸೆಟುಕ್ಸಿಮ್ಯಾಬ್ ಎಂಬ ಔಷಧ ಫಲ ಕೊಡದು. ಐನೂರು ವಂಶವಾಹಿಗಳ ದುಬಾರಿ ಪರೀಕ್ಷೆಯನ್ನು ಮೊದಲ ದಿನವೇ ಮಾಡಿಸಿ ಎಂದು ಯಾರಾದರೂ ಒತ್ತಾಯಿಸಿದರೆ, ‘ಅದರ ಉತ್ತರದಿಂದ ನಮ್ಮ ಚಿಕಿತ್ಸೆ ಬದಲಾಗುತ್ತದೆಯೇ?’ ಎಂದು ಕೇಳಿ. ಬದಲಾಗುವುದಾದರೆ ಮಾಡಿಸಿ.

ವರದಿಯನ್ನು ಕೆಳಗಿನಿಂದ ಓದಿ

ಎಲ್ಲರೂ ಮೊದಲ ಪುಟದ ದಪ್ಪಕ್ಷರ ಓದುತ್ತಾರೆ. ನಾನು ಮೊದಲು ಹುಡುಕುವುದು ಮಾದರಿಯ ಗುಣಮಟ್ಟದ ಸಾಲು. ಅಲ್ಲಿ ಗಡ್ಡೆಯ ಕೋಶಗಳ ಶೇಕಡಾವಾರು ಬರೆದಿರುತ್ತದೆ. ಅನೇಕ ಲ್ಯಾಬುಗಳು 20ರಷ್ಟಾದರೂ ಬೇಕೆನ್ನುತ್ತವೆ. ಕೇವಲ 5 ಎಂದಿದ್ದು ಮೇಲೆ ‘ರೂಪಾಂತರ ಕಂಡುಬಂದಿಲ್ಲ’ ಎಂದಿದ್ದರೆ, ಆ ಉತ್ತರವನ್ನು ನಂಬುವ ಮೊದಲು ವೈದ್ಯರೊಡನೆ ಮಾತಾಡಿ. ‘ಕಂಡುಬಂದಿಲ್ಲ’ ಬೇರೆ, ‘ಪರೀಕ್ಷಿಸಲಾಗಲಿಲ್ಲ’ ಬೇರೆ.

ಅಕ್ಕನ ಎರಡನೆಯ ಬಯಾಪ್ಸಿಯ ವರದಿಯಲ್ಲಿ ಹೀಗಿತ್ತು: ಇಜಿಎಫ್‌ಆರ್, ಎಕ್ಸಾನ್ 19, ಇ746_ಎ750 ಡಿಇಎಲ್, ವಿಎಎಫ್ 21 ಶೇಕಡಾ. ಬಿಡಿಸಿ ನೋಡಿ. ಇಜಿಎಫ್‌ಆರ್ ಎಂಬುದು ಕೋಶಕ್ಕೆ ‘ಬೆಳೆ’ ಎಂಬ ಸಂದೇಶ ಮುಟ್ಟಿಸುವ ಪ್ರೋಟೀನು. ಎಕ್ಸಾನ್ 19 ಅದರ ವಂಶವಾಹಿಯ ಒಂದು ಭಾಗ. ಡಿಇಎಲ್ ಎಂದರೆ ಅಳಿದುಹೋಗಿದೆ ಎಂದು: ಪ್ರೋಟೀನಿನ ಅಮೈನೋ ಆಮ್ಲಗಳ ಸಾಲಿನಲ್ಲಿ 746ರಿಂದ 750ರವರೆಗೆ ಐದು ಬಿಟ್ಟುಹೋಗಿವೆ. ಅಷ್ಟಕ್ಕೇ ಸ್ವಿಚ್ಚು ಆರದೆ ಉರಿಯುತ್ತಲೇ ಇರುತ್ತದೆ. ಇನ್ನೊಂದು ಸಾಮಾನ್ಯ ರೂಪಾಂತರ ಎಲ್858ಆರ್. 858ನೆಯ ಜಾಗದಲ್ಲಿ ಲ್ಯೂಸಿನ್ ಹೋಗಿ ಆರ್ಜಿನಿನ್ ಬಂದಿದೆ ಎಂದರ್ಥ. ಇಜಿಎಫ್‌ಆರ್ ಅನ್ನು ತಡೆಯುವ ಜೆಫಿಟಿನಿಬ್ ಮಾತ್ರೆ ಕೆಲವರಿಗೆ ಮಾತ್ರ ಅಷ್ಟು ಚೆನ್ನಾಗಿ ಹಿಡಿಯುವುದೇಕೆ ಎಂಬ ಗುಟ್ಟು ಈ ರೂಪಾಂತರಗಳಲ್ಲಿದೆ ಎಂದು ಗೊತ್ತಾದದ್ದು 2004ರಲ್ಲಿ.

ವಿಎಎಫ್ ಎಂದರೆ ಯಂತ್ರ ಓದಿದ ನೂರು ಪ್ರತಿಗಳಲ್ಲಿ ಎಷ್ಟರಲ್ಲಿ ಈ ಬದಲಾವಣೆ ಸಿಕ್ಕಿತು ಎಂಬ ಲೆಕ್ಕ. ಅಕ್ಕನ ಮಾದರಿಯಲ್ಲಿ ಗಡ್ಡೆಯ ಕೋಶಗಳು 40 ಶೇಕಡಾ. ಪ್ರತಿ ಕೋಶದಲ್ಲಿ ವಂಶವಾಹಿಯ ಎರಡು ಪ್ರತಿ; ಒಂದು ಮಾತ್ರ ಕೆಟ್ಟಿದ್ದರೆ 20ರ ಆಸುಪಾಸು ಬರಬೇಕು. 21 ಬಂದಿದೆ, ಲೆಕ್ಕ ಕೂಡುತ್ತದೆ. ಈ ಸಂಖ್ಯೆ ರೋಗದ ಹಂತವನ್ನು ಹೇಳುವುದಿಲ್ಲ. ಭಾವನವರು ಅದನ್ನು ‘ಶೇಕಡಾ 21ರಷ್ಟು ಕ್ಯಾನ್ಸರ್’ ಎಂದು ಓದಿಕೊಂಡು ಒಂದು ರಾತ್ರಿ ಸಮಾಧಾನದಿಂದ ಮಲಗಿದ್ದರು.

‘ಮಹತ್ವ ಅನಿಶ್ಚಿತ’ ಎಂಬ ಪಟ್ಟಿ, ಅಂದರೆ ವಿಯುಎಸ್, ಉದ್ದವಾಗಿರಬಹುದು. ಅದನ್ನು ಹಿಡಿದುಕೊಂಡು ರಾತ್ರಿಯಿಡೀ ಮೊಬೈಲು ನೋಡಬೇಡಿ. ಅದರ ಮೇಲೆ ಚಿಕಿತ್ಸೆ ನಿರ್ಧರಿಸುವುದಿಲ್ಲ.

ಮಕ್ಕಳಿಗೂ ಬರುತ್ತದೆಯೇ? ಅಕ್ಕನ ಮಗಳು ಕೇಳಿದ ಮೊದಲ ಪ್ರಶ್ನೆ ಅದೇ. ಈ ಬಗೆಯ ಇಜಿಎಫ್‌ಆರ್ ರೂಪಾಂತರ ಸಾಮಾನ್ಯವಾಗಿ ಗಡ್ಡೆಯಲ್ಲಿ ಮಾತ್ರ ಹುಟ್ಟಿದ್ದು, ವಂಶದಲ್ಲಿ ಹರಿದು ಬಂದದ್ದಲ್ಲ. ಸ್ತನ, ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬ್ರಾಕಾ1, ಬ್ರಾಕಾ2 ವಂಶವಾಹಿಗಳ ಮಾತೇ ಬೇರೆ; ಅವು ಗಡ್ಡೆಯಲ್ಲಿ ಕೆಟ್ಟಿರುವುದು ಕಂಡರೆ ರಕ್ತದ ಪರೀಕ್ಷೆ ಮಾಡಿಸಿ, ಜೆನೆಟಿಕ್ ಸಲಹೆಗಾರರನ್ನು ಕಂಡು, ಆಮೇಲೆ ಅಕ್ಕತಂಗಿಯರಿಗೂ ಮಕ್ಕಳಿಗೂ ಹೇಳಬೇಕು.

ಗಡ್ಡೆ ಮತ್ತೆ ಬೆಳೆದರೆ

ಒಸಿಮೆರ್ಟಿನಿಬ್ ಇದೇ ಇಜಿಎಫ್‌ಆರ್ ರೂಪಾಂತರಕ್ಕೆ ಕೊಡುವ, ಜೆಫಿಟಿನಿಬ್‌ಗಿಂತ ಹೊಸ ಮಾತ್ರೆ. 2018ರಲ್ಲಿ ಪ್ರಕಟವಾದ ಫ್ಲೌರಾ ಪ್ರಯೋಗದಲ್ಲಿ ಅದನ್ನು ಮೊದಲಿಂದಲೇ ತೆಗೆದುಕೊಂಡವರ ಪೈಕಿ ಅರ್ಧದಷ್ಟು ಜನರಲ್ಲಿ 18.9 ತಿಂಗಳವರೆಗೆ ರೋಗ ಮುಂದುವರಿಯಲಿಲ್ಲ. ಹಳೆಯ ಮಾತ್ರೆಗಳಲ್ಲಿ ಅದು 10.2 ತಿಂಗಳು. ಆಗ ಅದರ ತಿಂಗಳ ಖರ್ಚು ನಮ್ಮ ಕೈಗೆ ಎಟುಕದ್ದಾಗಿತ್ತು. ಅಕ್ಕ ಜೆಫಿಟಿನಿಬ್ ನುಂಗಿದಳು. ಕಂಪನಿಗಳ ರೋಗಿ ನೆರವಿನ ಯೋಜನೆಯ ಬಗ್ಗೆ ವಿಚಾರಿಸುವಷ್ಟು ಬುದ್ಧಿ ನಮಗೆ ಆಗ ಇರಲಿಲ್ಲ. ನೀವು ವಿಚಾರಿಸಿ.

2021ರಲ್ಲಿ ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ದೊಡ್ಡದಾಗಿ ಕಂಡಿತು. ಇಂಥ ಹೊತ್ತಿನಲ್ಲಿ ಹಳೆಯ ಬ್ಲಾಕು ಹಿಡಿದುಕೊಂಡು ಓಡಬೇಡಿ. ಅದರಲ್ಲಿರುವುದು ಎರಡು ವರ್ಷದ ಹಿಂದಿನ ಗಡ್ಡೆ. ಮಾತ್ರೆಯಿಂದ ತಪ್ಪಿಸಿಕೊಳ್ಳಲು ಈಗಿನ ಗಡ್ಡೆ ವೇಷ ಬದಲಿಸಿರುತ್ತದೆ. ಜೆಫಿಟಿನಿಬ್ ತೆಗೆದುಕೊಂಡು ರೋಗ ಮರಳಿದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಟಿ790ಎಂ ಎಂಬ ಹೊಸ ರೂಪಾಂತರ ಸಿಗುತ್ತದೆ. ಅದನ್ನು ಹುಡುಕಲು ಮೊದಲು ರಕ್ತ ಸಾಕು. ಸಾಯುವ ಗಡ್ಡೆಕೋಶಗಳ ಡಿಎನ್‌ಎ ಚೂರುಗಳು ರಕ್ತದಲ್ಲಿ ತೇಲುತ್ತಿರುತ್ತವೆ. ಇದಕ್ಕೆಂದೇ ಇರುವ ವಿಶೇಷ ಕೊಳವೆಗೆ ರಕ್ತ ತುಂಬಿಸಿ, ಅದನ್ನು ಫ್ರೀಜರಿನಲ್ಲಿಡಬೇಡಿ. ರಕ್ತದಲ್ಲಿ ಸಿಗದಿದ್ದರೆ ಗಡ್ಡೆಯಲ್ಲೂ ಇಲ್ಲ ಎಂದೇನಲ್ಲ; ಆಗ ಹೊಸದಾಗಿ ಬಯಾಪ್ಸಿ ಬೇಕಾಗಬಹುದು. ಅಕ್ಕನ ರಕ್ತದಲ್ಲಿ ಸಿಕ್ಕಿತು. ಮಾತ್ರೆ ಬದಲಾಯಿತು.

ರಕ್ತ ಕೊಟ್ಟು ಬಂದ ದಿನ ಅವಳು ಕೇಳಿದಳು: ‘ಹಾಗಾದರೆ ಆ ಮೇಣದ ಚೂರಿನಲ್ಲಿ ಈಗ ನಾನಿಲ್ಲವೇ?’

‘ನೀನಿದ್ದೀಯೆ. ಆದರೆ ಹಳೆಯ ನೀನು.’

‘ವಾಪಸ್ ಕೊಟ್ಟೆಯಾ?’

‘ಕೊಟ್ಟೆ.’

‘ರಿಜಿಸ್ಟರಿನಲ್ಲಿ ಸಹಿ?’