ಮೊದಲ ವಾರವೇ ಒಂದು ಗಂಟು ಎಸೆದೆ: ಶೆಲ್ಟರ್ ಕೆಲಸದ ನನ್ನ ಅನುಭವ

ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರು "ಏನ್ ಕೆಲ್ಸಪಾ ನಿಂದು?" ಅಂದರೆ ಮೊದಲೆಲ್ಲ "ಪಾಲಿಕೆ ಕಡೆ" ಅಂತ ಹಾರಿಸಿಬಿಡುತ್ತಿದ್ದೆ. ಈಗ ಸರಿಯಾಗೇ ಹೇಳುತ್ತೇನೆ. ದಾವಣಗೆರೆಯಲ್ಲಿ ಮನೆ ಇಲ್ಲದವರು ಬಂದು ಮಲಗುವ ಶೆಲ್ಟರ್ ಒಂದರಲ್ಲಿ ಎಂಟು ವರ್ಷದಿಂದ ಇದ್ದೇನೆ. ಮೊದಲ ನಾಲ್ಕು ವರ್ಷ ರಾತ್ರಿ ಪಾಳಿಯ ಕೇರ್‌ಟೇಕರ್, ಈಗ ಮ್ಯಾನೇಜರ್. ಇಷ್ಟು ಹೇಳಿದ ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ: "ಭಿಕ್ಷುಕರನ್ನ ಹಿಡ್ಕಂಡು ಹೋಗಿ ಇಡ್ತಾರಲ್ಲ, ಅದಾ?"

ಅದಲ್ಲ. ಅದು ನಿರಾಶ್ರಿತರ ಪರಿಹಾರ ಕೇಂದ್ರ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ಬರುವಂಥದ್ದು. ನೀವು ಮನೆ ಕಂದಾಯ ಕಟ್ಟುವಾಗ ಭಿಕ್ಷುಕರ ಕರ ಅಂತ ಶೇಕಡ 3 ಸೇರಿಸಿ ತಗೊಳ್ತಾರೆ ನೋಡಿ, ಅದು ಅದಕ್ಕೇ. ನಮ್ಮದು ಬೇರೆ. ಇಲ್ಲಿ ಯಾರನ್ನೂ ಹಿಡಿದು ತರುವುದಿಲ್ಲ, ಬಂದವರನ್ನು ಕೂಡಿ ಹಾಕುವುದೂ ಇಲ್ಲ. ಬರ್ತಾರೆ, ಮಲಗ್ತಾರೆ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗ್ತಾರೆ. ಹೌದು, ಕೆಲಸಕ್ಕೆ. ನಮ್ಮಲ್ಲಿ ಮಲಗುವವರಲ್ಲಿ ದುಡಿಯುವವರೇ ಜಾಸ್ತಿ. ಎಪಿಎಂಸಿಯಲ್ಲಿ ಮೂಟೆ ಹೊರುವವರು, ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆಯುವವರು, ಗುಜರಿ ಆಯುವವರು, ಮದುವೆ ಸೀಸನ್ನಿನಲ್ಲಿ ಅಡುಗೆಯವರ ಜೊತೆ ಹೋಗಿ ಬಡಿಸುವವರು. ದಿನಕ್ಕೆ ನಾನೂರು ದುಡಿದರೂ ಅಡ್ವಾನ್ಸ್ ಕೊಟ್ಟು ರೂಮು ಹಿಡಿಯೋಕೆ ಆಗಲ್ಲ, ಅಷ್ಟೇ.

ನಾನೂ ಸಮಾಜಸೇವೆ ಮಾಡ್ತೀನಿ ಅಂತ ಬಂದವನಲ್ಲ. ಪಿ.ಬಿ. ರಸ್ತೆಯ ಒಂದು ಲಾರಿ ಆಫೀಸಿನಲ್ಲಿ ಬಿಲ್ಟಿ, ಅಂದರೆ ಲಾರಿಗೆ ಹಾಕಿದ ಸರಕಿನ ಚೀಟಿ, ಬರೆಯುತ್ತಿದ್ದೆ, ಆಫೀಸು ಮುಚ್ಚಿತು, ಎರಡು ತಿಂಗಳು ಖಾಲಿ ಕೂತೆ. ಒಬ್ಬ ಸ್ನೇಹಿತ "ರಾತ್ರಿ ಡ್ಯೂಟಿ, ಆರಾಮಾಗಿ ಮಲಗಬಹುದು, ಎಂಟು ಸಾವಿರ ಕೊಡ್ತಾರೆ" ಅಂದ. ಎಂಟು ಸಾವಿರ ಅನ್ನುವುದೊಂದು ನಿಜವಾಗಿತ್ತು.

ಕೆಲಸದ ಚೌಕಟ್ಟು ಮೊದಲು ಹೇಳಿಬಿಡುತ್ತೇನೆ. 2010ರಲ್ಲಿ, ದೆಹಲಿಯ ಚಳಿಯಲ್ಲಿ ಬೀದಿಯ ಜನ ಸಾಯುತ್ತಿದ್ದಾರೆ ಅನ್ನುವ ವಿಚಾರ ಮುಂದೆ ಬಂದಾಗ, ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನಕ್ಕೆ ಒಂದರಂತೆ ಶೆಲ್ಟರ್ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಅದೇ ಲೆಕ್ಕ ನಮ್ಮಂಥ ಊರಿಗೂ ಬಂತು. ಒಬ್ಬರಿಗೆ 50 ಚದರ ಅಡಿ ಜಾಗ, ಒಬ್ಬ ಮ್ಯಾನೇಜರ್, ಎಂಟೆಂಟು ಗಂಟೆಗೆ ಒಬ್ಬರಂತೆ ಮೂವರು ಕೇರ್‌ಟೇಕರ್. 2011ರ ಜನಗಣತಿ ಪ್ರಕಾರ ದಾವಣಗೆರೆ 4 ಲಕ್ಷ 35 ಸಾವಿರದ ಊರು. ಎಷ್ಟು ಶೆಲ್ಟರ್ ಬೇಕು ಅಂತ ನೀವೇ ಲೆಕ್ಕ ಹಾಕಿ. ಕಾಗದದ ಮೇಲೆ ಇಷ್ಟು. ಮೂವರಲ್ಲಿ ಒಬ್ಬನಿಗೆ ಜ್ವರ ಬಂದರೆ ಉಳಿದಿಬ್ಬರಿಗೆ ಹನ್ನೆರಡು ಗಂಟೆ ಪಾಳಿ ಅನ್ನುವುದು ಕಾಗದದಲ್ಲಿ ಇರುವುದಿಲ್ಲ.

ಗಂಟಿನ ಕಥೆಗೆ ಬರುತ್ತೇನೆ. ನಾನು ಸೇರಿ ಐದನೇ ದಿನ. ಮಾರನೇ ದಿನ ಯಾರೋ ಅಧಿಕಾರಿ ಬರ್ತಾರೆ, ಕ್ಲೀನ್ ಮಾಡಿಸು ಅಂದರು. ನಾನು ಹೊಸಬ, ಹುಮ್ಮಸ್ಸು ಜಾಸ್ತಿ. ಮೂಲೆಯ ಹಾಸಿಗೆ ಕೆಳಗೆ ಗೊಬ್ಬರದ ಚೀಲದಲ್ಲಿ ಕಟ್ಟಿದ ಒಂದು ಗಂಟು ಇತ್ತು, ವಾಸನೆ ಹೊಡೆಯುತ್ತಿತ್ತು. ಬೆಳಗ್ಗೆ ಕಸದ ಆಟೋ ಬಂದಾಗ ಅದನ್ನೂ ಹಾಕಿಬಿಟ್ಟೆ. ಸಂಜೆ ಏಳಕ್ಕೆ ಒಬ್ಬ ಅಜ್ಜ ಬಂದ. ಹಿಂದೆ ಇಲ್ಲಿನ ಕಾಟನ್ ಮಿಲ್ಲಿನಲ್ಲಿ ಇದ್ದವನು, ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದವನು. ಹಾಸಿಗೆ ಎತ್ತಿ ನೋಡಿದ, ಪಕ್ಕದ ಹಾಸಿಗೆಯನ್ನೂ ಎತ್ತಿ ನೋಡಿದ. "ನನ್ನ ಗಂಟೆಲ್ಲಿ ಐತಪಾ?"

ಹೇಳಿದೆ. ಬೈಯ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅದರಲ್ಲಿ ಏನಿತ್ತು ಅಂತ ನಾನೇ ಕೇಳಿದ್ದಕ್ಕೆ ಹೇಳಿದ: ಹೆಂಡತಿಯದೊಂದು ಸೀರೆ, ರೇಷನ್ ಕಾರ್ಡು, ಮಿಲ್ಲಿನ ಗೇಟಿನಲ್ಲಿ ತೋರಿಸುತ್ತಿದ್ದ ನಂಬರಿನ ಹಿತ್ತಾಳೆ ಬಿಲ್ಲೆ. "ಆತು ಬಿಡು" ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ. ಮಾರನೇ ದಿನ ನಾನು ಕಸ ಹಾಕುವ ಜಾಗಕ್ಕೆ ಹೋಗಿ ಮಧ್ಯಾಹ್ನದವರೆಗೆ ಕೋಲು ಹಿಡಿದು ಕೆದಕಿದೆ. ಸಿಗಲಿಲ್ಲ. ಅಜ್ಜ ಮತ್ತೆ ಶೆಲ್ಟರಿಗೆ ಬರಲಿಲ್ಲ. ಮಂಡಿಪೇಟೆಯ ಒಂದು ಅಂಗಡಿ ಕಟ್ಟೆ ಮೇಲೆ ಮಲಗುತ್ತಾನೆ, ಇವತ್ತಿಗೂ. ನಾನು ಚಹಾ ತಗೊಂಡು ಹೋದರೆ ಕುಡಿಯುತ್ತಾನೆ, ಊರ ಸುದ್ದಿ ಎಲ್ಲ ಮಾತಾಡುತ್ತಾನೆ, "ಬಾ ಅಜ್ಜ" ಅಂದರೆ ಮಾತ್ರ ಬೇರೆ ಕಡೆ ನೋಡುತ್ತಾನೆ.

ಜನ ಶೆಲ್ಟರಿಗೆ ಯಾಕೆ ಬರಲ್ಲ ಅಂತ ಮೀಟಿಂಗಿನಲ್ಲಿ ಪ್ರತಿ ಸಲ ಚರ್ಚೆ ಆಗುತ್ತದೆ. ಅರಿವು ಇಲ್ಲ ಅಂತಾರೆ, ಬೋರ್ಡು ಹಾಕಿ ಅಂತಾರೆ. ಅರಿವು ಎಲ್ಲರಿಗೂ ಇದೆ. ಅವರ ಲೆಕ್ಕವೇ ಬೇರೆ. ಒಳಗೆ ಮಲಗಿದರೆ ಗಂಟು ಕಳವಾಗುತ್ತಾ? ಒಂದು ರಾತ್ರಿ ಬಿಟ್ಟರೆ ಕಟ್ಟೆ ಮೇಲಿನ ನನ್ನ ಜಾಗ ಇನ್ನೊಬ್ಬ ಹಿಡಿಯುತ್ತಾನಾ? ಬೆಳಗಿನ ಜಾವ ಮೂರಕ್ಕೆ ಲಾರಿ ಲೋಡಿಗೆ ಹೋಗಬೇಕು, ಆ ಹೊತ್ತಿಗೆ ಗೇಟು ತೆಗೀತಾರಾ? ಇದಕ್ಕೆ ಬೋರ್ಡು ಉತ್ತರ ಕೊಡಲ್ಲ. ಬೀಗ ಕೊಡುತ್ತದೆ. ಹಳೇ ಆಫೀಸಿನ ಕಬ್ಬಿಣದ ಲಾಕರ್ ಎರಡು ಗುಜರಿಯಲ್ಲಿ ಸಿಕ್ಕವು, ತಂದು ಬಣ್ಣ ಹೊಡೆಸಿದೆವು. ಬೀಗ ನಮ್ಮದು, ಕೀ ಅವರದು. ಎರಡನೇ ಕೀ ನಾವು ಇಟ್ಟುಕೊಳ್ಳುವುದಿಲ್ಲ. ಕಳೆದರೆ ಬೀಗ ಒಡೆಯುವುದು, ಇನ್ನೊಂದು ತರುವುದು. ಅವತ್ತಿನಿಂದ ಬರುವವರ ಸಂಖ್ಯೆ ಜಾಸ್ತಿಯಾಯಿತು.

ಬೀದಿಯಲ್ಲಿ ಮಲಗಿದವರನ್ನು ಹುಡುಕಿಕೊಂಡು ಹೋಗುವ ರಾತ್ರಿ ರೌಂಡ್ಸ್ ಬಗ್ಗೆ ಸ್ವಲ್ಪ ಬರೆಯಬೇಕು, ಹೊಸಬರು ತಪ್ಪುವುದು ಅಲ್ಲೇ. ಹೋಗುವುದು ಹನ್ನೊಂದರ ಮೇಲೆ. ರೈಲ್ವೆ ಸ್ಟೇಷನ್ ಮುಂದೆ, ಕೆಎಸ್‌ಆರ್‌ಟಿಸಿ ಬಸ್‌ ಸ್ಟ್ಯಾಂಡು, ಜಿಲ್ಲಾ ಆಸ್ಪತ್ರೆ ಆವರಣ, ದುಗ್ಗಮ್ಮನ ಗುಡಿ ಸುತ್ತ. ಮುಖಕ್ಕೆ ಟಾರ್ಚ್ ಬಿಡಬಾರದು, ನೆಲಕ್ಕೆ ಬಿಡಬೇಕು. ಕಾಲಿನಲ್ಲಿ ತಟ್ಟಿ ಎಬ್ಬಿಸಬಾರದು, ಅವರನ್ನು ಹಾಗೆ ಎಬ್ಬಿಸುವವರು ಬೇರೆ ಇದ್ದಾರೆ. ಕಾಲ ಕಡೆ ಎರಡು ಮಾರು ದೂರ ನಿಂತು "ಅಣ್ಣಾ, ಎಚ್ಚರ ಇದ್ದೀರಾ?" ಅನ್ನಬೇಕು. ಮೊದಲ ದಿನ ಹೆಸರು, ಊರು, ಆಧಾರ್ ಏನೂ ಕೇಳಬಾರದು. ರಿಜಿಸ್ಟರ್ ಕೈಯಲ್ಲಿ ಹಿಡಿದು ಹೋದರೆ ಎದ್ದು ಓಡುತ್ತಾರೆ. "ಊಟ ಆತಾ?" ಅಷ್ಟೇ ಸಾಕು. ಎರಡು ಮೂರು ರಾತ್ರಿ ಇಷ್ಟೇ ಮಾತು ನಡೆಯುತ್ತದೆ.

ಹೆಂಗಸರು ರಾತ್ರಿ ಸಿಗುವುದೇ ಇಲ್ಲ. ಸರ್ವೆಯಲ್ಲಿ ಹೆಂಗಸರು ಕಡಿಮೆ ಅಂತ ಬರೆದುಕೊಳ್ಳುತ್ತಾರಲ್ಲ, ಕಾರಣ ಇದು: ಅವರು ರಾತ್ರಿ ಮಲಗುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ತೊಡೆ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತಾರೆ, ಆಸ್ಪತ್ರೆಯಲ್ಲಿ ಪೇಷಂಟ್ ಕಡೆಯವರ ಹಾಗೆ ಕೂತಿರುತ್ತಾರೆ, ನಿದ್ದೆ ಹಗಲು ಹೊತ್ತು ಗುಡಿ ಪಡಸಾಲೆಯಲ್ಲಿ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಹೆಣ್ಣು ಕೇರ್‌ಟೇಕರ್ ಅಕ್ಕ. ಅವರು ಮಧ್ಯಾಹ್ನ ಎರಡು ಗಂಟೆಗೆ ಸುತ್ತು ಹೊಡೆಯುತ್ತಾರೆ, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು. ಎಲೆ ಹಂಚಿಕೊಂಡರೆ ಅರ್ಧ ಪರಿಚಯ ಆದ ಹಾಗೆ ಅಂತಾರೆ.

ಕುಡಿತದ ವಿಚಾರ. ನಮ್ಮಲ್ಲಿ ಮೊದಲು "ಮದ್ಯಪಾನ ಮಾಡಿದವರಿಗೆ ಪ್ರವೇಶವಿಲ್ಲ" ಅಂತ ಗೋಡೆ ಮೇಲೆ ಬರೆಸಿದ್ದರು. ದಿನವಿಡೀ ನೂರು ಮೂಟೆ ಹೊತ್ತವನು ಒಂದು ಕ್ವಾರ್ಟರ್ ಹಾಕದೆ ಬರಲ್ಲ, ಹಾಗಾಗಿ ಅರ್ಧ ಜನ ಹೊರಗೇ. ಈಗ ನಿಯಮ ಸರಳ: ಬಾಟಲಿ ಹೊರಗೆ, ಜಗಳ ಹೊರಗೆ, ಮನುಷ್ಯ ಒಳಗೆ. ಆದರೆ ನನಗೆ ನಿಜವಾದ ಭಯ ಕುಡಿದು ಬಂದವರದ್ದಲ್ಲ. ಒಬ್ಬ ಗಾರೆ ಕೆಲಸದವನು ಅಮ್ಮನ ಆಣೆ ಇಟ್ಟು ಕುಡಿತ ಒಂದೇ ಸಲಕ್ಕೆ ಬಿಟ್ಟ, ನಾವೆಲ್ಲ ಬೆನ್ನು ತಟ್ಟಿದೆವು. ಮೂರನೇ ರಾತ್ರಿ ಮೈಯೆಲ್ಲ ನಡುಕ, ಬೆವರು, ಗೋಡೆ ಮೇಲೆ ಇರುವೆ ಹರಿದಾಡ್ತಾವೆ ಅಂತ ಕೈಯಲ್ಲಿ ಒರೆಸುತ್ತಿದ್ದಾನೆ. ಉಳಿದವರು ಗಾಳಿ ಸೋಕಿದೆ, ನಿಂಬೆಹಣ್ಣು ತರ್ರಿ ಅಂದರು. ನಾನು ಆಟೋ ತಂದೆ. ಡ್ಯೂಟಿ ಡಾಕ್ಟರ್ ಅವನಿಗೆ ಇಂಜೆಕ್ಷನ್ ಕೊಟ್ಟು ನನಗೆ ಬೈದರು. ವರ್ಷಗಟ್ಟಲೆ ದಿನಾ ಕುಡಿದವರು ಏಕ್ದಂ ನಿಲ್ಲಿಸಿದರೆ ಎರಡು ಮೂರು ದಿನಕ್ಕೆ ಹೀಗಾಗುತ್ತದೆ, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು, ಬಿಡಿಸುವುದಾದರೆ ಮೊದಲು ಇಲ್ಲಿಗೆ ಕರೆದು ತನ್ನಿ ಅಂದರು. ಈಗ ಯಾರಾದರೂ "ಇವತ್ತಿಂದ ಬಿಟ್ಟೆ ಸಾರ್" ಅಂದರೆ ನಾನು ಬೆನ್ನು ತಟ್ಟುವುದಿಲ್ಲ. ಎಷ್ಟು ವರ್ಷದಿಂದ ಕುಡೀತಿದ್ದೆ ಅಂತ ಕೇಳಿ, ಗಾಡಿ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ.

ಕಜ್ಜಿ ಇನ್ನೊಂದು. ಪುಸ್ತಕದಲ್ಲಿ ಓದುವಾಗ ಸಣ್ಣ ಕಾಯಿಲೆ, ಶೆಲ್ಟರಿನಲ್ಲಿ ಬಂದರೆ ಯುದ್ಧ. ಬೆರಳ ಸಂದಿ, ಸೊಂಟ, ರಾತ್ರಿ ತುರಿಕೆ. ತುರಿಸಿಕೊಳ್ಳುವವರಿಗೆ ಮಾತ್ರ ಮುಲಾಮು ಕೊಟ್ಟೆವು, ಹದಿನೈದು ದಿನಕ್ಕೆ ಮತ್ತೆ ಎಲ್ಲರಿಗೂ. ಎರಡು ಸಲ ಹೀಗಾದ ಮೇಲೆ ಬುದ್ಧಿ ಬಂತು. ಒಂದೇ ರಾತ್ರಿ ಎಲ್ಲರಿಗೂ ಹಚ್ಚಬೇಕು, ಸ್ಟಾಫಿಗೂ. ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮ್, ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆಳಗ್ಗೆ ಬಿಸಿನೀರಿನ ಸ್ನಾನ, ವಾರ ಬಿಟ್ಟು ಇನ್ನೊಂದು ಸಲ. ಚಾದರ ಬಟ್ಟೆ ಎಲ್ಲ ಅವತ್ತೇ ಕುದಿಯುವ ನೀರಿಗೆ. ಒಗೆಯೋಕೆ ಆಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಡಬೇಕು, ಮನುಷ್ಯರ ಮೈ ಸಿಗದೆ ಹುಳ ಸಾಯುತ್ತದೆ. ಆಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಔಷಧಿ ಕೆಲಸ ಮಾಡಿಲ್ಲ ಅಂತ ಗಲಾಟೆ ಮಾಡುತ್ತಾರೆ. ತಡ್ಕೊಳ್ಳಬೇಕು.

ಭಾಷೆ ಬಾರದವರು ರೈಲಿನಲ್ಲಿ ಬಂದಿಳಿಯುತ್ತಾರೆ. ಮನಸ್ಸು ಸರಿ ಇಲ್ಲದವರು ಬೀದಿಯಲ್ಲಿ ಅಲೆಯುತ್ತಿದ್ದರೆ ಪೊಲೀಸರು ರಕ್ಷಣೆಗೆ ತಗೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ಕರೆದರೆ ಬರುತ್ತಾರೆ ಕೂಡ. ಚಿಕಿತ್ಸೆ ಆದ ಮೇಲೆ ಎಲ್ಲಿಗೆ? ನಮ್ಮಲ್ಲಿಗೆ. ಹಾಗೆ ಬಂದ ಒಬ್ಬ ಹುಡುಗ ಹದಿನೈದು ದಿನ ಬಾಯಿ ಬಿಡಲಿಲ್ಲ. ಹಿಂದಿ, ತೆಲುಗು, ಮರಾಠಿ ಎಲ್ಲ ಪ್ರಯತ್ನ ಪಟ್ಟೆವು. ಒಂದು ದಿನ ಒಗೆದ ಚಾದರ ಮಡಚುವಾಗ ಅವನ ಮುಂದೆ ಒಂದು ರಾಶಿ ಇಟ್ಟು ಸುಮ್ನೆ ಕೂತೆ. ಮಡಚಿದ. ಮಡಚುತ್ತಾ ತನ್ನಷ್ಟಕ್ಕೆ ಎಣಿಸತೊಡಗಿದ, ಪಿಸುಮಾತಿನಲ್ಲಿ: "ಏಕ, ದುಇ, ತಿನಿ, ಚಾರಿ..." ಮನುಷ್ಯ ಯಾವ ಭಾಷೆ ಮಾತಾಡಿದರೂ ಎಣಿಸುವುದು ಮಾತ್ರ ಹೆಚ್ಚಾಗಿ ತಾಯಿ ಭಾಷೆಯಲ್ಲೇ, ಅಲ್ವಾ? ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಟೆಲ್ಲೊಂದರಲ್ಲಿ ಕೆಲಸಕ್ಕಿದ್ದ ಒಡಿಶಾದ ಹುಡುಗರಿಗೆ ಕೇಳಿಸಿದೆ. "ನಮ್ಮೋರೇ" ಅಂದರು, ರಾತ್ರಿ ಕೆಲಸ ಮುಗಿಸಿ ಬಂದು ಅವನ ಜೊತೆ ಕೂತರು. ಎರಡು ದಿನಕ್ಕೆ ಊರ ಹೆಸರು ಬಂತು, ಅಲ್ಲಿನ ಠಾಣೆಗೆ ಫೋಟೋ ಹೋಯಿತು, ಅಣ್ಣ ಬಂದ. ಬಂದವನು ಮೊದಲು ಕೇಳಿದ್ದು "ಎಷ್ಟು ದುಡ್ಡು ಕಟ್ಟಬೇಕು?"

ಎಲ್ಲ ಹೀಗೆ ಆಗಲ್ಲ. ಮನೆಗೆ ಫೋನ್ ಮಾಡಿದರೆ "ರಾಂಗ್ ನಂಬರ್" ಅಂತ ಇಡುವವರೇ ಜಾಸ್ತಿ. ಬಲವಂತ ಮಾಡಿ ಕಳಿಸಿದವರು ತಿಂಗಳೊಳಗೆ ವಾಪಸ್ ಬಂದಿದ್ದಾರೆ, ಅದಕ್ಕೆ ಈಗ ಅವರನ್ನೇ ಕೇಳದೆ ಮನೆಗೆ ಫೋನ್ ಮಾಡುವುದಿಲ್ಲ.

ದಾನಿಗಳ ಬಗ್ಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಭಾನುವಾರ ಮೂರು ಕಡೆಯಿಂದ ಊಟ ಬರುತ್ತದೆ, ಮಂಗಳವಾರ ಯಾರೂ ಇಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ತರುತ್ತಾರೆ, ದುಡಿದು ಬಂದು ಮಲಗಿದವರನ್ನು ಎಬ್ಬಿಸಿ ಸಾಲಾಗಿ ಕೂರಿಸಿ ಫೋಟೋ ತೆಗೆಯುತ್ತಾರೆ. ಫೋಟೋ ಈಗ ನಾನು ಬಿಡುವುದಿಲ್ಲ. ಇಲ್ಲಿರುವುದು ಮನೆಯವರಿಗೆ ಗೊತ್ತಿಲ್ಲದವರು ಎಷ್ಟೋ ಜನ ಇದ್ದಾರೆ. ಏನು ಕೊಡಲಿ ಅಂತ ಕೇಳಿದರೆ ಹೇಳುತ್ತೇನೆ: ಒಳಚಡ್ಡಿ, ಬನಿಯನ್, ಉಗುರು ಕಟರ್, ರೇಜರ್, ಸ್ಯಾನಿಟರಿ ಪ್ಯಾಡ್, ಸಣ್ಣ ಬೀಗ. ಒಳಚಡ್ಡಿ ಅಂದ ಕೂಡಲೇ ಮುಖ ಒಂಥರಾ ಮಾಡುತ್ತಾರೆ. ಎಂಟು ವರ್ಷದಲ್ಲಿ ಒಬ್ಬರು ಮಾತ್ರ ತಂದುಕೊಟ್ಟಿದ್ದಾರೆ, ಅವರದೇ ಬಟ್ಟೆ ಅಂಗಡಿ.

ಇದನ್ನು ಕೆಲಸ ಅಂತ ಹಿಡಿಯಬಹುದಾ ಅಂತ ಬಿಎಸ್‌ಡಬ್ಲ್ಯು (ಸಮಾಜಕಾರ್ಯ ಪದವಿ) ಓದುವ ಹುಡುಗರು ಕೇಳುತ್ತಾರೆ. ಸಂಬಳ ಕಡಿಮೆ, ಅದೂ ಅನುದಾನ ಬಂದಾಗ. ಒಂದು ಸಲ ಐದು ತಿಂಗಳು ಬರಲಿಲ್ಲ, ಹೆಂಡತಿಯ ಟೈಲರಿಂಗ್‌ನಲ್ಲಿ ಮನೆ ನಡೆಯಿತು. ಕೆಲಸದ ಅರ್ಧ ಪಾಲು ಅರ್ಜಿ ಬರೆಯುವುದು: ಆಧಾರ್, ಬ್ಯಾಂಕ್ ಖಾತೆ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ. ಕೈಬರಹ ಚೆನ್ನಾಗಿದ್ದು ಆಫೀಸಿನ ಬೆಂಚಿನ ಮೇಲೆ ಎರಡು ತಾಸು ಕೂರುವ ತಾಳ್ಮೆ ಇದ್ದರೆ ಬನ್ನಿ. ಮರುಕ ಜಾಸ್ತಿ ಇರುವವರು ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ, ನಾನು ನೋಡಿದ್ದೇನೆ. ಬಿಲ್ಟಿ ಬರೆದ ಅನುಭವ ನನಗೆ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಿರಲಿಲ್ಲ.

ಮೊನ್ನೆ ರಾತ್ರಿ ಹತ್ತೂವರೆಗೆ ಒಬ್ಬ ಹೊಸಬ ಬಂದ, ಹಿರಿಯೂರು ಕಡೆಯವನು. ಗಂಟು ಎದೆಗೆ ಅವಚಿಕೊಂಡು ಬಾಗಿಲಲ್ಲೇ ನಿಂತ. "ಬರ್ರಿ, ಕುಂದರ್ರಿ, ಊಟ ಆತಾ?" ಅಂದೆ. ಯಾರು ಕಳಿಸಿದ್ದು ಅಂತ ಕೇಳಿದೆ. "ಮಂಡಿಪೇಟೆ ಕಟ್ಟೆ ಮ್ಯಾಲೆ ಒಬ್ಬ ಅಜ್ಜ ಹೇಳಿದ. ಅಲ್ಲಿ ಹೋಗು, ಜಾಗ ಚಲೋ ಐತಿ, ನೀರು ಐತಿ ಅಂದ." ಸ್ವಲ್ಪ ತಡೆದು ಗಂಟನ್ನು ಇನ್ನೂ ಬಿಗಿ ಮಾಡಿಕೊಂಡ. "ಗಂಟು ಮಾತ್ರ ಆ ಕನ್ನಡಕದವನ ಕೈಗೆ ಕೊಡಬ್ಯಾಡ ಅಂದಾನ."

ಕನ್ನಡಕದವನು ನಾನೇ. ಲಾಕರ್ ತೋರಿಸಿ, ಕೀ ಅವನ ಕೈಗೆ ಹಾಕಿ, ಆ ಕಡೆ ತಿರುಗಿ ನಿಂತೆ.